ಗಿರಿಜಕ್ಕನ ಮೊದಲನೇ ಪೈಪು

ಹೊಸಬಾಳೆಗೆ ಹೋಗಿ ರಾಜಪ್ಪನ ಮನೆ ಯಾವುದು ಎಂದು ಕೇಳಿದರೆ, ‘ಯಾವ ರಾಜಪ್ಪ?’ ಎಂದು ನಿಮ್ಮನ್ನೇ ತಿರುಗಿ ಕೇಳುತ್ತಾರೆ. ಗಿರಿಜಕ್ಕನ ಮನೆ ಎಂದರೆ ಸಾಕು, ಬಾಗಿಲವರೆಗೂ ಬಂದು ಬಿಟ್ಟು ಹೋಗುತ್ತಾರೆ. ಮೂರು ಎಕರೆ ಭತ್ತ, ಅರ್ಧ ಎಕರೆ ಶುಂಠಿ ಮಾಡುವ, ದಪ್ಪ ಮೀಸೆಯ, ಐವತ್ತಾರು ವರ್ಷದ ಗಂಡಸಿಗೆ ಅಕ್ಕ ಎನ್ನುವ ಊರು ಬೇರೆಲ್ಲೂ ಇರಲಿಕ್ಕಿಲ್ಲ.

ಹೆಸರು ಬಂದದ್ದು ನಾಟಕದಿಂದ. ಊರಿನ ನಾಟಕ ಸಂಘಕ್ಕೆ ಹೊರಗಿನಿಂದ ನಟಿಯರನ್ನು ಕರೆಸುವ ತಾಕತ್ತಿಲ್ಲದ ಕಾಲದಲ್ಲಿ ಹೆಣ್ಣಿನ ಪಾತ್ರವೆಲ್ಲ ರಾಜಪ್ಪನದೇ. ಮೊದಲ ಸಲ ಗಿರಿಜೆ ಎಂಬ ಸೊಸೆಯ ಪಾತ್ರ ಮಾಡಿದಾಗ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅಂದಿನಿಂದ ಇಪ್ಪತ್ತೆರಡು ವರ್ಷ ಆತ ಸೀರೆ ಉಟ್ಟ. ಹೆಂಡತಿ ವರದಮ್ಮ ಕೊಡಪಾನ ಎತ್ತುವುದನ್ನು, ಮುನಿಸಿಕೊಂಡು ಬಳೆ ಸರಿಸಿಕೊಳ್ಳುವುದನ್ನು, ನಗು ಬಂದಾಗ ಕಿರುಬೆರಳೆತ್ತಿ ಬಾಯಿಗೆ ಕೈ ಅಡ್ಡ ಹಿಡಿಯುವುದನ್ನು ಹೊಲದ ಬದುವಿನ ಮೇಲೆ ನಿಂತು ನೋಡಿ ನೋಡಿ ಕಲಿತ. ಈಗಿನವರು ನಾಲ್ಕು ದಿನ ಮಾತು ಉರು ಹೊಡೆದು, ಐದನೇ ದಿನ ‘ಕಲಾವಿದ’ ಎಂದು ಫೋಟೋ ಸಮೇತ ಬ್ಯಾನರ್ ಕಟ್ಟಿಸುತ್ತಾರೆ. ರಾಜಪ್ಪನ ಫೋಟೋ ಯಾವ ಬ್ಯಾನರಿನಲ್ಲೂ ಬಂದಿಲ್ಲ.

ಎಂಟು ವರ್ಷದ ಹಿಂದೆ ಸಂಘಕ್ಕೆ ಒಂದಿಷ್ಟು ಚಂದಾ ಬಂತು, ನಟಿಯರು ಬಂದರು. ರಾಜಪ್ಪ ಪರದೆಯ ಪಕ್ಕದಲ್ಲಿ ನಿಂತು ಮಾತು ಹೇಳಿಕೊಡುವವನಾದ. ಆಗಲೇ ಮೀಸೆ ಬಿಟ್ಟದ್ದು. ಮೀಸೆಯೇನೋ ಬಂತು, ಹೆಸರು ಮಾತ್ರ ಹೋಗಲಿಲ್ಲ. ಪಂಚಾಯ್ತಿ ಮೆಂಬರ್ ಪುಟ್ಟಪ್ಪ ಎದುರಿಗೆ ಸಿಕ್ಕಾಗೆಲ್ಲ, ‘ಏನೇ ಗಿರಿಜಕ್ಕ, ಗದ್ದೆಗೆ ಹೊರಟ್ಯಾ?’ ಎನ್ನುತ್ತಿದ್ದ. ರಾಜಪ್ಪ ನಕ್ಕು ಮುಂದೆ ಹೋಗುತ್ತಿದ್ದ. ಆದರೆ ಮನಸ್ಸಿನೊಳಗೆ ಒಂದೇ ಒಂದು ಆಸೆ ಇತ್ತು. ಒಂದು ಸಲ ಗಂಡಸಾಗಿ ಸ್ಟೇಜಿನ ಮೇಲೆ ನಿಲ್ಲಬೇಕು, ಜನ ನಗಬಾರದು.

ಈ ವರ್ಷ ಹೈಸ್ಕೂಲಿಗೆ ಐವತ್ತು ತುಂಬಿತು. ನಿವೃತ್ತ ಉಜ್ಜಪ್ಪ ಮೇಷ್ಟ್ರು ತಾವೇ ಒಂದು ನಾಟಕ ಬರೆದು, ಸಾಹುಕಾರನ ಪಾತ್ರವನ್ನು ರಾಜಪ್ಪನಿಗೆ ಕೊಟ್ಟರು. ಹೆಂಡತಿಯ ಮಾತನ್ನು ಒಂದು ದಿನವೂ ಕೇಳದ, ಸದಾ ಬಾಯಲ್ಲಿ ಪೈಪು ಕಚ್ಚಿಕೊಂಡಿರುವ ಸಾಹುಕಾರ. ಆ ಪಾತ್ರದ ಮೇಲೆ ಪುಟ್ಟಪ್ಪನಿಗೂ ಕಣ್ಣಿತ್ತು. ಮೊದಲನೇ ರಿಹರ್ಸಲ್ ದಿನ ಪೈಪು ಇಲ್ಲದ್ದಕ್ಕೆ ರಾಜಪ್ಪ ಪೆನ್ನು ಹಿಡಿದ. ಹಿಡಿದದ್ದೇ ತಡ, ಕಿರುಬೆರಳು ತಾನಾಗಿ ಮೇಲೆದ್ದಿತು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

‘ಮೇಷ್ಟ್ರೇ, ನಿಮ್ಮ ಸಾವ್ಕಾರ್ರು ಅರಿಶಿನ ಕುಂಕುಮಕ್ಕೆ ಹೊಂಟಂಗಿದೆ’ ಎಂದ ಪುಟ್ಟಪ್ಪ.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ‘ರಾಜಪ್ಪ, ಮೊದಲು ಒಂದು ಪೈಪು ಹೊಂದಿಸ್ಕೊ. ಅಗ್ಗದ್ದೇ ಸಾಕು. ಮುಂದಿನ ಭಾನುವಾರದೊಳಗೆ ಅದು ಕೈಗೆ ಕೂರ್ಲಿಲ್ಲ ಅಂದ್ರೆ ಪಾರ್ಟು ಪುಟ್ಟಪ್ಪಂಗೆ. ಬೇಜಾರು ಮಾಡ್ಕೋಬೇಡ ಮಾರಾಯ.’

ಬೀಡಿಯ ಹೊಗೆಯನ್ನೂ ಕಾಣದ ಮನುಷ್ಯ ರಾಜಪ್ಪ. ಪೈಪಿನಲ್ಲಿ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು, ಬೆಲೆ ಎಷ್ಟು, ಯಾವುದೂ ಗೊತ್ತಿಲ್ಲ. ಮಗಳು ನಯನ ಮೊಬೈಲಿನಲ್ಲಿ ಹುಡುಕಿ ತೋರಿಸಿದಳು. ಬರುವುದಕ್ಕೆ ಹದಿನೈದು ದಿನ ಎಂದಿತ್ತು. ‘ಕೈಯಲ್ಲಿ ಹಿಡಿದು ನೋಡ್ದೆ ಎಂತ ತಗಳದು?’ ಎಂದು ರಾಜಪ್ಪ ಬಸ್ಸು ಹತ್ತಿದ. ಸೊರಬದ ಬೀಡಾ ಅಂಗಡಿಗಳಲ್ಲೆಲ್ಲ ಪರಿಚಯದವರೇ. ಸೇದುವ ಪೈಪು ಎನ್ನಲು ನಾಚಿಕೆಯಾಗಿ, ಬರೀ ‘ಪೈಪು ಎಲ್ಲಿ ಸಿಗುತ್ತೆ?’ ಎಂದು ಕೇಳಿದ. ‘ಪೈಪು ಬೇಕಂದ್ರೆ ಶಿಕಾರಿಪುರಕ್ಕೆ ಹೋಗು, ದೊಡ್ಡ ಅಂಗಡಿ ಅದೆ’ ಎಂದರು. ಶಿರಾಳಕೊಪ್ಪದ ಮೇಲೆ ಶಿಕಾರಿಪುರಕ್ಕೆ ಬಂದು, ಹೇಳಿದ ಅಂಗಡಿಯನ್ನು ಹುಡುಕಿ ಒಳಗೆ ಹೋದ.

ಕೌಂಟರಿನಲ್ಲಿ ಗುರುಪ್ರಕಾಶ್ ಎಂಬ ನಲವತ್ತರ ಆಸುಪಾಸಿನ ಮಾಲೀಕ ಕುಳಿತಿದ್ದ.

‘ಪೈಪು ಇದಾವಾ?’

‘ಅದಾವ್ರಿ. ಎಷ್ಟು ಇಂಚಿಂದು?’

ರಾಜಪ್ಪ ಬೆರಳು ಅಗಲಿಸಿ ಅಂದಾಜು ಮಾಡಿದ. ‘ಐದಾರು ಇಂಚು ಇದ್ರೆ ಸಾಕು.’

‘ಅಷ್ಟು ದೊಡ್ಡದಾ! ಎಷ್ಟು ಉದ್ದ ಬೇಕ್ರಿ?’

‘ಉದ್ದಾನೇ ಐದಾರು ಇಂಚು ಮಾರಾಯ್ರೇ.’

ಗುರುಪ್ರಕಾಶ್ ಬಿಲ್ ಬುಕ್ ಕೆಳಗಿಟ್ಟ. ‘ಅಲ್ರೀ, ಹೊಲಕ್ಕೋ, ಬೋರಿಗೋ?’

‘ಬಾಯಿಗೆ.’

ಆ ಕಡೆಯ ಮಾತಿನ ಭರದಲ್ಲಿ ಬಾವಿಯೂ ಬಾಯಿಯಾಗುವುದುಂಟು. ಗುರುಪ್ರಕಾಶ್ ಗಂಭೀರವಾಗಿ ತಲೆಯಾಡಿಸಿ, ‘ಬಾಯಿ ಎಷ್ಟು ಆಳ ಐತ್ರಿ? ಬ್ಯಾಸಿಗೆಗೆ ನೀರು ಇರ್ತಾವಾ?’ ಎಂದ. ರಾಜಪ್ಪನಿಗೆ ಇನ್ನು ದಾರಿಯಿಲ್ಲ. ಹಿಂದೆ ಮುಂದೆ ನೋಡಿ, ಮೀಸೆಯ ಕೆಳಗೆ ಎರಡು ಬೆರಳಿಟ್ಟು ಉಫ್ ಎಂದು ಹೊಗೆ ಬಿಡುವ ಅಭಿನಯ ಮಾಡಿ ತೋರಿಸಿದ.

ಗುರುಪ್ರಕಾಶನಿಗೆ ಕಣ್ಣಲ್ಲಿ ನೀರು ಬರುವಷ್ಟು ನಗು ಬಂತು. ನಗು ನಿಂತ ಮೇಲೆ ಎದ್ದು ಬಂದು ರಾಜಪ್ಪನ ಕೈ ಹಿಡಿದುಕೊಂಡ. ‘ಬರ್ರಿ, ಬರ್ರಿ. ಅದು ಅಂಗಡಿಯಾಗೆ ಸಿಗಲ್ಲ, ಮನ್ಯಾಗೆ ಸಿಗ್ತತಿ. ನನಗೆ ಗೊತ್ತಿದ್ದಂಗೆ ಈ ಊರಾಗೆ ಆ ಪೈಪು ಸೇದೋರು ನಮ್ಮಪ್ಪಾಜಿ ಒಬ್ರೇ.’

ಅಂಗಡಿಯ ಹಿಂದೆಯೇ ಮನೆ. ಅಂಗಳದಲ್ಲಿ ಗೋವಿನ ಜೋಳದ ಕಾಳು ಬಿಡಿಸಿದ ದಿಂಡು, ನೀರೊಲೆಗೆಂದು ರಾಶಿ ಬಿದ್ದಿತ್ತು. ಜಗುಲಿಯ ಮೇಲೆ ಗುರುಪ್ರಕಾಶನ ತಂದೆ ಗಂಗಾಧರಪ್ಪ ಕುಳಿತಿದ್ದರು. ಎಪ್ಪತ್ತಾರು ವರ್ಷ, ಜೋಳದ ವ್ಯಾಪಾರ ಮಾಡಿ, ಈಗ ಮನೆಯ ವ್ಯವಹಾರವನ್ನೆಲ್ಲ ಮಗನಿಗೆ ಬಿಟ್ಟುಕೊಟ್ಟವರು, ಹಣೆ ತುಂಬ ವಿಭೂತಿ. ಹಿಂದೆ ಜೀಪಿನಲ್ಲಿ ಬರುತ್ತಿದ್ದ ಬೀಜದ ಕಂಪನಿಯ ಅಧಿಕಾರಿಯೊಬ್ಬನನ್ನು ನೋಡಿ ಅವರಿಗೆ ಪೈಪಿನ ಹುಚ್ಚು ಹತ್ತಿತ್ತು. ಈಗ ದಿನಕ್ಕೆ ಒಂದೇ, ಊಟ ಆದ ಮೇಲೆ. ವಿಷಯ ಕೇಳಿ, ಒಳಗಿನಿಂದ ಮೂರು ಪೈಪು ತರಿಸಿ ಮುಂದಿಟ್ಟರು.

‘ಹಲ್ಲಾಗೆ ಕಚ್ಚಿ ನೋಡ್ರಿ. ಕತ್ತು ಬಗ್ತತಾ? ಬಗ್ಗಿದ್ರೆ ಅದು ಭಾರ, ಹೊಸಬರಿಗೆ ಬ್ಯಾಡ. ಈಗ ಖಾಲಿ ಇದ್ದಾಗ್ಲೇ ಉಸಿರು ಎಳೀರಿ. ಸಲೀಸಾಗಿ ಬರ್ಬೇಕು. ತೂತು ಬುಡಕ್ಕೆ ಸರಿಯಾಗಿ ಬಂದತೋ ಇಲ್ಲೋ ಇಣುಕಿ ನೋಡ್ರಿ. ಹೊರಗಿನ ಪಾಲಿಶ್ ನೋಡಿ ಮಳ್ಳಾಗ್ಬ್ಯಾಡ್ರಿ.’

ರಾಜಪ್ಪ ಮೂರನ್ನೂ ಕಚ್ಚಿದ, ಎಳೆದ, ಇಣುಕಿದ. ಗಂಗಾಧರಪ್ಪನವರು ಅದರಲ್ಲೊಂದನ್ನು ಎತ್ತಿಕೊಟ್ಟು, ‘ನಾಟಕ ಮುಗಿಯೋಗಂಟ ಇಟ್ಕಳ್ರಿ’ ಎಂದರು. ರಾಜಪ್ಪ ಎರಡೂ ಕೈಯಿಂದ ಹಿಂದಕ್ಕೆ ಕೊಟ್ಟ. ‘ಬೇಡ ಅಪ್ಪಾರೇ. ನಾನು ಕಲಿಯೋನು, ಬೀಳಿಸಿ ಒಡೆದ್ರೆ ನಿಮಗೆ ಮುಖ ಹೆಂಗೆ ತೋರ್ಸಲಿ? ಹಾಳಾದ್ರೂ ಸಂಕಟ ಆಗದಂಥದ್ದು ಎಂತಾದ್ರೂ ಇದ್ರೆ ಹೇಳಿ.’

ಆ ಮಾತು ಮುದುಕರಿಗೆ ತುಂಬ ಹಿಡಿಸಿತು. ‘ಹಂಗಂದ್ರೆ ನೀವು ನನಗಿಂತ ಶಾಣ್ಯಾ ಇದೀರಿ. ಮೊದಲನೇದು ಅಗ್ಗದ್ದೇ ಇರ್ಬೇಕು’ ಎಂದು ಎದ್ದು, ಅಂಗಳದ ದಿಂಡಿನ ರಾಶಿಯ ಹತ್ತಿರ ಕರೆದುಕೊಂಡು ಹೋದರು. ‘ನಂದೂ ಮೊದಲನೇ ಪೈಪು ಇದ್ರದ್ದೇ. ಆರಿಸ್ಕಳ್ರಿ.’

ರಾಜಪ್ಪ ಎಲ್ಲಕ್ಕಿಂತ ದಪ್ಪನೆಯದನ್ನು ಎತ್ತಿದ. ಗಂಗಾಧರಪ್ಪ ಅದಕ್ಕೆ ಉಗುರೊತ್ತಿ ತೋರಿಸಿದರು, ಮೆತ್ತಗೆ ಒಳಗಿಳಿಯಿತು. ‘ಇದು ಬರೀ ಊದ್ಕಂಡತಿ.’ ಅರ್ಧ ಗಂಟೆ ಇಬ್ಬರೂ ಕುಕ್ಕರುಗಾಲಲ್ಲಿ ಕುಳಿತು ದಿಂಡು ಆರಿಸಿದರು. ಉಗುರು ಇಳಿಯದ, ಹುಳು ಹಿಡಿಯದ, ಎರಡು ವರ್ಷ ಒಣಗಿದ ಒಂದು ದಿಂಡು ಸಿಕ್ಕಿತು. ಗಂಗಾಧರಪ್ಪ ಅದನ್ನು ಎರಡೂವರೆ ಇಂಚಿಗೆ ಕೊಯ್ದು, ನಡುವಿನ ಬೆಂಡು ಕೆತ್ತಿ ತೆಗೆದು, ಬುಡದ ಪಕ್ಕಕ್ಕೆ ತೂತು ಹಾಕಿ, ಸಣ್ಣ ಬಿದಿರಿನ ಕೊಳವೆ ಸಿಕ್ಕಿಸಿದರು. ರಾಜಪ್ಪ ಕಚ್ಚಿ ನೋಡಿದ. ಬಾಯಲ್ಲಿ ಏನೂ ಇಲ್ಲವೇನೋ ಎನ್ನುವಷ್ಟು ಹಗುರ. ಉಸಿರು ಸಲೀಸಾಗಿ ಬಂತು.

ಊಟ ಮಾಡದೆ ಕಳಿಸುವ ಮನೆಯಲ್ಲ ಅದು. ರೊಟ್ಟಿ, ಪಲ್ಯ, ಮೊಸರನ್ನ ಆದ ಮೇಲೆ ಗಂಗಾಧರಪ್ಪನವರ ಹೆಂಡತಿ ಮಹಾದೇವಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಕುಳಿತರು. ಗಂಡನ ಪೈಪು ತೆಗೆದುಕೊಂಡು, ತಂಬಾಕಿನ ಡಬ್ಬಿ ಬಿಚ್ಚಿ, ಚಿಟಿಕೆ ಚಿಟಿಕೆಯಾಗಿ ಉದುರಿಸಿ, ಉಂಗುರದ ಬೆರಳಿನಿಂದ ಮೆಲ್ಲಗೆ ಒತ್ತಿದರು. ಒತ್ತುವಾಗ ಕಿರುಬೆರಳು ಪುಡಿಗೆ ತಾಗದ ಹಾಗೆ ಮೇಲೆತ್ತಿದ್ದರು.

‘ತಗಳ್ರಿ, ತುಂಬೀನಿ’ ಎಂದು ಗಂಡನ ಕಡೆ ನೋಡದೆಯೇ ಕೊಟ್ಟರು. ಗಂಗಾಧರಪ್ಪನವರೂ ಆಕೆಯ ಮುಖ ನೋಡದೆಯೇ ತೆಗೆದುಕೊಂಡರು.

‘ಅಮ್ಮಾರೇ ತುಂಬೋದಾ?’ ಎಂದು ರಾಜಪ್ಪ ಬೆರಗಾದ.

‘ನಲವತ್ತು ವರ್ಷದಿಂದ. ಇವರು ತುಂಬಿದ್ರೆ ಮೂಟೆಗೆ ಜೋಳ ತುರುಕಿದಂಗೆ ತುರುಕ್ತಾರ. ಬೆಂಕಿ ನಿಲ್ಲಲ್ಲ, ನನ್ನ ಮ್ಯಾಲೆ ಸಿಡಿಮಿಡಿ. ಅದಕ್ಕೆ ನಾನೇ ಶುರು ಮಾಡ್ದೆ’ ಎಂದು ಮಹಾದೇವಮ್ಮ ನಕ್ಕರು.

ರಾಜಪ್ಪ ಮುದುಕರು ಕೂರುವ ಠೀವಿ, ಹೊಗೆ ಬಿಡುವ ಗತ್ತು ಎಲ್ಲವನ್ನೂ ನೋಡಬೇಕಿತ್ತು. ಆದರೆ ಇಪ್ಪತ್ತೆರಡು ವರ್ಷ ಹೆಂಗಸರ ಕೈ ನೋಡಿಯೇ ಪಳಗಿದ ಕಣ್ಣು ಮಹಾದೇವಮ್ಮನ ಬೆರಳುಗಳ ಮೇಲೆಯೇ ನೆಟ್ಟಿತ್ತು. ಊರಿಗೆ ಬಂದು ಪೈಪಿಗೆ ತಂಬಾಕಿನ ಬದಲು ಚಹಾಪುಡಿ ತುಂಬಿ ನೋಡಿದಾಗಲೇ ತಪ್ಪು ಗೊತ್ತಾದದ್ದು. ಕೈ ಸಾಹುಕಾರನನ್ನು ಬಿಟ್ಟು ಸಾಹುಕಾರನ ಹೆಂಡತಿಯನ್ನು ಕಲಿತುಬಿಟ್ಟಿತ್ತು.

‘ಆ ಬೆರಳನ್ನ ಮಡಚಿ ಇಡಬಾರದಾ?’ ಎಂದಳು ವರದಮ್ಮ.

‘ಮಡಚ್ತೀನಿ ಕಣೆ. ಅದು ಕೇಳ್ಬೇಕಲ್ಲ.’

ವರದಮ್ಮ ಆ ಬೆರಳಿಗೆ ದಾರ ಕಟ್ಟಿ ನೋಡಿದಳು. ದಾರ ಬಿಚ್ಚಿದರೆ ಮತ್ತೆ ಮೇಲೆ. ಭಾನುವಾರದ ರಿಹರ್ಸಲ್ಲಿಗೆ ರಾಜಪ್ಪ ಮನೆಯಲ್ಲೇ ತುಂಬಿಕೊಂಡು ಹೋಗಿ, ಪೈಪನ್ನು ಬಾಯಲ್ಲಿ ಕಚ್ಚಿ ಎರಡೂ ಕೈ ಹಿಂದೆ ಕಟ್ಟಿಕೊಂಡು ಓಡಾಡಿದ. ಮೇಷ್ಟ್ರು ‘ಭೇಷ್’ ಎಂದು ಪಾತ್ರ ಗಟ್ಟಿ ಮಾಡಿದರು. ಮೂರನೇ ಅಂಕದಲ್ಲಿ ಹೆಂಡತಿ ತೀರಿಕೊಂಡ ಮೇಲೆ ಸಾಹುಕಾರ ಒಬ್ಬನೇ ಕುಳಿತು, ಜನರೆದುರಿಗೇ ಪೈಪು ತುಂಬಿಕೊಳ್ಳಬೇಕಿತ್ತು. ಅದನ್ನು ಅಂದು ಮಾಡಿ ನೋಡಲಿಲ್ಲ. ಮನೆಗೆ ಬಂದು ರಾಜಪ್ಪ ಮತ್ತೆ ಬೆರಳಿಗೆ ದಾರ ಕಟ್ಟಿಸಿಕೊಂಡ.

ನಾಟಕ ಸಂಜೆ ಆರಕ್ಕೆ ಶುರುವಾಯಿತು. ಶಾಲೆಯ ಆವರಣವಾದ್ದರಿಂದ ಹೊಗೆಗೆ ಅವಕಾಶವಿಲ್ಲ, ಚಹಾಪುಡಿ ತುಂಬಿ ಸುಮ್ಮನೆ ಕಚ್ಚಿಕೊಳ್ಳುವುದು. ಮುಂದಿನ ಸಾಲಿನಲ್ಲಿ ಪುಟ್ಟಪ್ಪ, ಅವನ ಪಕ್ಕ ರಾಜಪ್ಪ ಕರೆದನೆಂದು ಶಿಕಾರಿಪುರದಿಂದ ಬಂದ ಗಂಗಾಧರಪ್ಪ, ಮಹಾದೇವಮ್ಮ. ಎರಡು ಅಂಕ ಚೆನ್ನಾಗಿಯೇ ಸಾಗಿತು. ಮೂರನೆಯದರಲ್ಲಿ ರಾಜಪ್ಪ ಕುರ್ಚಿಯ ಮೇಲೆ ಕುಳಿತು ಡಬ್ಬಿ ಬಿಚ್ಚಿದ, ಚಿಟಿಕೆ ಪುಡಿ ಉದುರಿಸಿದ, ಒತ್ತಿದ. ಕಿರುಬೆರಳು ಎದ್ದು ನಿಂತಿತು.

‘ಗಿರಿಜಕ್ಕಾ!’ ಎಂದು ಪುಟ್ಟಪ್ಪ ಕೂಗಿದ. ನಗು ಸಾಲಿಂದ ಸಾಲಿಗೆ ಹಬ್ಬಿತು.

ರಾಜಪ್ಪನ ಕಿವಿ ಬಿಸಿಯಾಯಿತು. ಪರದೆಯ ಪಕ್ಕದಿಂದ ಮೇಷ್ಟ್ರು ‘ಯಾರಲ್ಲಿ, ಬೆಂಕಿ ತಾ’ ಎಂದು ಮುಂದಿನ ಮಾತು ಹೇಳಿಕೊಟ್ಟರು. ರಾಜಪ್ಪ ಅದನ್ನು ಹೇಳಲಿಲ್ಲ. ಬೆರಳನ್ನು ಮಡಚಲೂ ಇಲ್ಲ. ಬೇರೆ ಯಾರದೋ ಕೈ ನೋಡುವ ಹಾಗೆ ತನ್ನ ಕೈಯನ್ನೇ ನೋಡುತ್ತಾ ಕುಳಿತ. ನಗು ತಾನಾಗಿ ಕಡಿಮೆಯಾಯಿತು.

‘ಇದು ನನ್ನ ಕೈ ಅಲ್ಲ’ ಎಂದ. ‘ಅವಳದ್ದು. ನಲವತ್ತು ವರ್ಷ ಅವಳು ತುಂಬಿ ಕೊಟ್ಟಳು, ನಾನು ಸೇದಿದೆ. ಒಂದು ದಿನವೂ ಅವಳ ಮುಖ ನೋಡಿ ತಗೊಳ್ಳಲಿಲ್ಲ. ಅವಳು ಹೋದ ಮೇಲೆ ಈ ಕೈಗೆ ಬಂದು ಕೂತಿದ್ದಾಳೆ.’

ಹೇಳುತ್ತಲೇ ಇನ್ನೆರಡು ಚಿಟಿಕೆ ಹಾಕಿ ಒತ್ತಿದ. ತುಂಬಿ ಮುಗಿದ ಮೇಲೆ ಕೈ ಚಾಚಿ, ಎಂಟು ವರ್ಷದಿಂದ ಯಾರೂ ಕೇಳದಿದ್ದ ಗಿರಿಜೆಯ ದನಿಯಲ್ಲಿ ಅಂದ: ‘ತಗಳ್ರಿ, ತುಂಬೀನಿ.’

ಒಂದು ಕೈ ಕೊಟ್ಟಿತು, ಇನ್ನೊಂದು ಕೈ ತೆಗೆದುಕೊಂಡಿತು. ತೆಗೆದುಕೊಂಡದ್ದು ಅಪ್ಪಟ ಗಂಡಸಿನ ಕೈ. ಮುಖ ಎತ್ತಿ, ಎದುರಿಗೆ ಯಾರೂ ಇಲ್ಲದ ಜಾಗವನ್ನು ಸಾಹುಕಾರ ಬಹಳ ಹೊತ್ತು ನೋಡಿದ. ಮೈದಾನದಲ್ಲಿ ಒಬ್ಬರೂ ನಗಲಿಲ್ಲ. ಇಂಥ ನಟನನ್ನು ಎಂಟು ವರ್ಷ ಪರದೆಯ ಪಕ್ಕ ನಿಲ್ಲಿಸಿಕೊಂಡಿದ್ದ ಊರಿಗೆ ಏನು ಹೇಳುವುದು!

ಪರದೆ ಬಿದ್ದ ಮೇಲೆ ಮೊದಲು ಒಳಗೆ ಬಂದವನು ಪುಟ್ಟಪ್ಪ. ‘ರಾಜಪ್ಪಣ್ಣ’ ಎಂದ. ಕಣ್ಣು ಕೆಂಪಗಾಗಿತ್ತು.

ರಾಜಪ್ಪ ಬಣ್ಣ ಒರೆಸಿಕೊಳ್ಳುತ್ತಾ ನಕ್ಕ. ‘ಗಿರಿಜಕ್ಕ ಅನ್ನು ಮಾರಾಯ. ಇವತ್ತು ನನ್ನ ಕೈ ಬಿಡದೇ ಇದ್ದವಳು ಅವಳೇ.’

ಹಿಂದೆಯೇ ಗಂಗಾಧರಪ್ಪ, ಮಹಾದೇವಮ್ಮ ಬಂದರು. ಗಂಗಾಧರಪ್ಪ ಬೆಂಚಿನ ಮೇಲೆ ಕುಳಿತು, ‘ಆ ಪೈಪು ಕೊಡ್ರಿ ಇಲ್ಲಿ. ಡಬ್ಬೀನೂ ಕೊಡ್ರಿ’ ಎಂದರು. ದಿಂಡಿನ ಪೈಪಿನ ಚಹಾಪುಡಿಯನ್ನೆಲ್ಲ ಕೊಡವಿ, ಮತ್ತೆ ಮೊದಲಿನಿಂದ ತುಂಬತೊಡಗಿದರು. ದಪ್ಪ ಬೆರಳಿನ ಹಿಡಿತಕ್ಕೆ ಸಿಗದೆ ಅರ್ಧ ಪುಡಿ ಪಂಚೆಯ ಮೇಲೆ ಚೆಲ್ಲಿತು. ಮಹಾದೇವಮ್ಮನ ಕೈ ಅಭ್ಯಾಸದಂತೆ ಮುಂದೆ ಬಂದದ್ದನ್ನು ರಾಜಪ್ಪ ಕಂಡ. ಆಕೆ ಅದನ್ನು ಹಿಂದಕ್ಕೆ ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡರು.

ಗಂಗಾಧರಪ್ಪ ತಲೆಯೆತ್ತಿ ಹೆಂಡತಿಯ ಮುಖ ನೋಡಿದರು.

‘ತುಂಬ್ರಿ, ತುಂಬ್ರಿ’ ಎಂದರು ಮಹಾದೇವಮ್ಮ. ‘ನಾನು ಇಲ್ಲೇ ಕುಂತಿರ್ತೀನಿ.’