ಎಲ್ಡನ್ ಮಜೂರನ ಪಾಯಿಂಟುಗಳು

ವಿನಿಪೆಗ್ಗಿನ ಪೂರ್ವದ ಅಂಚಿನಲ್ಲಿ, ರೈಲ್ವೆ ವರ್ಕ್‌ಶಾಪಿನ ಬೇಲಿಗೆ ಹೊಂದಿಕೊಂಡ ಬೀದಿಯಲ್ಲಿ ಎಲ್ಡನ್ ಮಜೂರನ ಮನೆ. ಅವನ ಬಗ್ಗೆ ಒಳ್ಳೆಯ ಮಾತು ಹೇಳಿ ಎಂದು ಆ ಬೀದಿಯವರನ್ನು ಕೇಳಿದರೆ ಕುಡಿಯುವುದಿಲ್ಲ, ಸಾಲ ಮಾಡುವುದಿಲ್ಲ ಎಂಬಲ್ಲಿಗೆ ನಿಂತುಬಿಡುತ್ತಾರೆ. ಮುಂದಕ್ಕೆ ಹೇಳಲು ಯಾರಿಗೂ ನಾಲಿಗೆ ಹೊರಳುವುದಿಲ್ಲ. ಅವನ ಹೆಂಡತಿ ಥೆಲ್ಮಾಳನ್ನು ಕೇಳಿದ್ದರೆ ಅಷ್ಟೂ ಹೇಳುತ್ತಿರಲಿಲ್ಲವೇನೋ.

ಥೆಲ್ಮಾ ಆಸ್ಪತ್ರೆಯ ಅಡುಗೆಮನೆಯಲ್ಲಿ ದುಡಿದು ನಿವೃತ್ತಳಾದವಳು. ನೂರಾರು ರೋಗಿಗಳಿಗೆ ಸೂಪು ಕಾಯಿಸಿದ ಆ ಹೆಂಗಸಿಗೆ ತನ್ನ ಮನೆಗೆ ಬೇಕಾದ ಒಂದು ಬ್ರೆಡ್ಡನ್ನು ತನಗೆ ಬೇಕಾದ ಅಂಗಡಿಯಲ್ಲಿ ಕೊಳ್ಳುವ ಸ್ವಾತಂತ್ರ್ಯವಿರಲಿಲ್ಲ. ಹಾಲು ಒಂದು ಕಡೆ, ಏಕೆಂದರೆ ಅಲ್ಲಿ ಕೊಂಡದ್ದಕ್ಕೆ ಕೊಡುವ ಪಾಯಿಂಟು ಮಂಗಳವಾರ ದುಪ್ಪಟ್ಟು. ಮಾಂಸ ಇನ್ನೊಂದು ಕಡೆ. ಪೆಟ್ರೋಲು ಊರಾಚೆಯ ಬಂಕಿನಲ್ಲಿ. ಅಲ್ಲಿಗೆ ಹೋಗಿ ಬರುವಷ್ಟರಲ್ಲಿ ಹಾಕಿಸಿದ್ದರಲ್ಲಿ ಕಾಲು ಭಾಗ ಖರ್ಚಾಗುತ್ತಿತ್ತು ಎನ್ನುವುದು ಬೇರೆ ಮಾತು. ಒಂದು ಸಲ ಸಾಸಿವೆ ಸಾಸಿನ ಮೇಲೆ ಬೋನಸ್ ಇದೆಯೆಂದು ಎರಡು ಪೆಟ್ಟಿಗೆ ತಂದು ನೆಲಮಾಳಿಗೆಯಲ್ಲಿ ಪೇರಿಸಿದ. ತಿನ್ನುವವರು ಯಾರು? ಥೆಲ್ಮಾ ಆ ವರ್ಷವೆಲ್ಲ ಕೋಳಿಗೂ ಸಾಸಿವೆ, ಆಲೂಗಡ್ಡೆಗೂ ಸಾಸಿವೆ ಸವರಿ ಸವರಿ ಸಾಕಾಗಿ, ಕೊನೆಗೆ ಚರ್ಚಿನ ಊಟಕ್ಕೆ ಹೊತ್ತುಕೊಂಡು ಹೋಗಿ ಹಂಚಿ ಬಂದಳು.

ಹೀಗೆ ಕೂಡಿಟ್ಟ, ದುಡ್ಡಿನ ಬದಲು ಕೊಟ್ಟು ಟಿಕೆಟ್ ಕೊಳ್ಳಬಹುದಾದ ಪಾಯಿಂಟುಗಳೆಲ್ಲ ವಿಮಾನ ಕಂಪನಿಯೊಂದರ ಖಾತೆಗೆ ಹೋಗಿ ಬೀಳುತ್ತಿದ್ದವು. ಬೀಳುತ್ತಿದ್ದವು, ಅಷ್ಟೇ. ಹೊರಗೆ ಬಂದದ್ದನ್ನು ಯಾರೂ ಕಾಣಲಿಲ್ಲ. ಎಲ್ಡನ್‌ಗೆ ಒಂದೇ ಜಪ: ಒಂದು ಪಾಯಿಂಟಿಗೆ ಎಷ್ಟು ಸೆಂಟು? ಎರಡು ಸೆಂಟಿಗಿಂತ ಕಡಿಮೆ ಬೆಲೆಗೆ ಪಾಯಿಂಟು ಬಿಡುವವನು ಅವನ ಲೆಕ್ಕದಲ್ಲಿ ಮನುಷ್ಯನೇ ಅಲ್ಲ. ಶುಕ್ರವಾರ ಬೆಳಿಗ್ಗೆ ಡೋನಟ್ ಅಂಗಡಿಯಲ್ಲಿ ಇಂಥವೇ ತಲೆಗಳು ನಾಲ್ಕೈದು ಸೇರುತ್ತಿದ್ದವು. ಅವರಲ್ಲಿ ನಾರ್ಬರ್ಟ್ ಎಂಬ ಪಕ್ಕದ ಮನೆಯವನು ಒಮ್ಮೆ ಪಾಯಿಂಟು ಕೊಟ್ಟು ಟೋಸ್ಟರ್ ತರಿಸಿಕೊಂಡ ಪಾಪಕ್ಕೆ, ಎಲ್ಡನ್ ಅವನನ್ನು ಆರು ವರ್ಷ ಬಿಡದೆ ಹಂಗಿಸಿದ.

"ಅರ್ಧ ಸೆಂಟಿಗೆ ಮಾರ್ಕೊಂಡ್ಯಲ್ಲೋ ದಡ್ಡ! ಬೆಂಕಿಗೆ ಹಾಕಿದ್ರೆ ಚಳಿಯಾದ್ರೂ ಕಾಯಿಸ್ಬಹುದಿತ್ತು."

"ಬ್ರೆಡ್ಡು ಚೆನ್ನಾಗಿ ಕಾಯ್ಸುತ್ತೆ ಮಾರಾಯ, ನನಗೆ ಅಷ್ಟು ಸಾಕು," ಎನ್ನುತ್ತಿದ್ದ ನಾರ್ಬರ್ಟ್.

ಹಾಗಾದರೆ ಎಲ್ಡನ್‌ನ ಪಾಯಿಂಟು ಯಾವುದಕ್ಕೆ? ಜಪಾನಿಗೆ. ಇಬ್ಬರಿಗೂ ಮಲಗಿಕೊಂಡು ಹೋಗುವ ಸೀಟು. ಅದರಲ್ಲಿ ಪಾಯಿಂಟಿಗೆ ಐದು ಸೆಂಟು ಬರುತ್ತದಂತೆ. ಜಪಾನಿಗೆ ಹೋಗಬೇಕೆಂದು ಆ ಮನೆಯಲ್ಲಿ ಯಾರಿಗೂ ಆಸೆಯಿರಲಿಲ್ಲ. ಎಲ್ಡನ್‌ಗೆ ಮೀನಿನ ವಾಸನೆ ಬಂದರೆ ಹೊಟ್ಟೆ ತೊಳಸುತ್ತದೆ. ಥೆಲ್ಮಾ ಮನೆಯೊಳಗೆ ಮೀನು ಬೇಯಿಸುವುದನ್ನು ಮದುವೆಯಾದ ವರ್ಷವೇ ಬಿಟ್ಟಿದ್ದಳು. ಅವಳೋ, ಮೀನಿನ ಎಣ್ಣೆಯಲ್ಲೇ ಹುಟ್ಟಿ ಬೆಳೆದವಳು. ನ್ಯೂಫೌಂಡ್‌ಲ್ಯಾಂಡಿನ ದಕ್ಷಿಣ ಕರಾವಳಿಯ ಪಿಂಚರ್ಸ್ ಕೋವ್ ಅವಳ ಊರು. ರಸ್ತೆಯಿಲ್ಲದ, ದೋಣಿಯಲ್ಲೇ ಹೋಗಿ ದೋಣಿಯಲ್ಲೇ ಬರಬೇಕಾದ ಊರು. ಅಲ್ಲಿಗೆ ಹೋಗದೆ ಹನ್ನೊಂದು ವರ್ಷವಾಗಿತ್ತು. ಕೇಳಿದಾಗಲೆಲ್ಲ ಬೆಲೆ ಚೆನ್ನಾಗಿಲ್ಲ ಎಂಬ ಉತ್ತರ.

ಫೆಬ್ರವರಿಯಲ್ಲಿ ತಂಗಿ ಗ್ಲೆನ್ನಿಸ್ ಫೋನ್ ಮಾಡಿದಳು.

"ವೋಟು ಆಯ್ತು ಕಣೇ ಹುಡುಗಿ," ಎಂದಳು. ಎಪ್ಪತ್ತು ಸಮೀಪಿಸಿದರೂ ಅಕ್ಕ ತಂಗಿಯರು ಒಬ್ಬರಿಗೊಬ್ಬರು ಹುಡುಗಿಯರೇ. "ಎಲ್ಲರೂ ಊರು ಬಿಡೋಕೆ ಒಪ್ಪಿದ್ರು. ಸರಕಾರ ದುಡ್ಡು ಕೊಡುತ್ತೆ. ಸೆಪ್ಟೆಂಬರ್ ಒಂದಕ್ಕೇ ಕರೆಂಟು ಕೀಳ್ತಾರೆ, ದೋಣಿ ನಿಲ್ಲಿಸ್ತಾರೆ. ಆಮೇಲೆ ಇಲ್ಲಿ ಹಕ್ಕಿ ಬಿಟ್ರೆ ಯಾರೂ ಇರಲ್ಲ."

"ನೀನೂ ಒಪ್ಪಿದ್ಯಾ?"

"ಒಪ್ದೇ ಏನ್ಮಾಡ್ಲಿ? ನರ್ಸಮ್ಮ ಬರದೇ ಒಂದು ವರ್ಷ ಆಯ್ತು. ನಾನು ರಸ್ತೆ ಇರೋ ಊರು ಅಂತ ಬರ್ಜಿಯೊದಲ್ಲಿ ಸಣ್ಣ ಮನೆ ನೋಡಿದೀನಿ. ಆಗಸ್ಟ್ ಕೊನೇ ವಾರ ಎಲ್ಲೆಲ್ಲಿಂದಲೋ ಎಲ್ಲರೂ ಬರ್ತಿದಾರೆ. ಹಾಲ್‌ನಲ್ಲಿ ಊಟ, ಕುಣಿತ. ಅಪ್ಪ ಅಮ್ಮ ಮಲಗಿರೋ ಕಡೆ ಬೇಲಿಗೆ ಬಣ್ಣ ಹೊಡೀಬೇಕು. ನೀನು ಬರ್ದೇ ಇದ್ರೆ ನೋಡು, ಸತ್ರೂ ಮಾತಾಡಿಸಲ್ಲ."

ಥೆಲ್ಮಾ ಫೋನಿಟ್ಟು, ಆ ರಾತ್ರಿಯ ಊಟಕ್ಕೇ ವಿಷಯ ತೆಗೆದಳು. ಎಲ್ಡನ್ ಕಂಪ್ಯೂಟರ್ ತೆರೆದು, ಅವಳ ಊರಿಗೆ ಹತ್ತಿರದ ವಿಮಾನ ನಿಲ್ದಾಣವಾದ ಡಿಯರ್ ಲೇಕಿನ ಟಿಕೆಟ್ ನೋಡಿ, ಯಾರೋ ಕೆನ್ನೆಗೆ ಹೊಡೆದಂತೆ ಹಿಂದಕ್ಕೆ ಸರಿದ.

"ಆಗಸ್ಟಲ್ಲಿ ಡಿಯರ್ ಲೇಕಿಗಾ? ತಲೆ ಕೆಟ್ಟಿದೆಯಾ ನಿನಗೆ? ಪಾಯಿಂಟಿಗೆ ಒಂದು ಸೆಂಟೂ ಹುಟ್ಟಲ್ಲ!"

"ಹಾಗಾದ್ರೆ ದುಡ್ಡು ಕೊಟ್ಟು ಟಿಕೆಟ್ ತಗೊಳ್ಳೋಣ."

"ಇಷ್ಟೊಂದು ಪಾಯಿಂಟ್ ಇಟ್ಕೊಂಡು ದುಡ್ಡು ಕೊಡೋದಾ? ಜನ ನಗಲ್ವಾ?"

"ಪಾಯಿಂಟೂ ಬೇಡ, ದುಡ್ಡೂ ಬೇಡ. ಈಜ್ಕೊಂಡು ಹೋಗ್ಲಾ?"

"ಕಾಯಿ ಅಂತಿದೀನಿ. ಸೀಟಿನ ಬೆಲೆ ಬೀಳುತ್ತೆ. ನನಗೆ ಗೊತ್ತಿಲ್ದೇ ಇರೋದಾ ಇದು?"

ಅವನಿಗೆ ಗೊತ್ತಿತ್ತು, ಅದೇ ಗ್ರಹಚಾರ. ಬೆಲೆ ನಿಜಕ್ಕೂ ಬಿತ್ತು. ಮೇ ತಿಂಗಳ ಒಂದು ಬೆಳಿಗ್ಗೆ ಬೆಲೆ ಅರ್ಧಕ್ಕೆ ಇಳಿದಿತ್ತು. ಥೆಲ್ಮಾ ಅವನ ಹೆಗಲ ಹಿಂದೆಯೇ ನಿಂತು ನೋಡಿದಳು. "ತಗೋ, ಎಲ್ಡನ್. ಈಗ್ಲೇ ತಗೋ," ಎಂದಳು. ಅವನು ಬೆರಳಿಂದ ಮೇಜು ಕುಟ್ಟುತ್ತ ಕೂತ. ಇಳಿಯಲು ಶುರುವಾಗಿದೆ ಎಂದರೆ ಇನ್ನೂ ಇಳಿಯುತ್ತದೆ ಎಂದ. ಮರುದಿನ ನೋಡಿದರೆ ಆ ಸೀಟೂ ಇಲ್ಲ, ಆ ಬೆಲೆಯೂ ಇಲ್ಲ. ಮೊದಲಿಗಿಂತ ಮೇಲಕ್ಕೆ ಹಾರಿ ಕೂತಿತ್ತು. ಥೆಲ್ಮಾ ಬೈಯಲಿಲ್ಲ. ಕಾಫಿ ಲೋಟವನ್ನು ಅವನ ಮುಂದೆ ಇಟ್ಟ ರಭಸಕ್ಕೆ ಅರ್ಧ ಕಾಫಿ ಮೇಜಿನ ಮೇಲಿತ್ತು. ಅವನು ಮೊದಲು ಒರೆಸಿದ್ದು ಕಂಪ್ಯೂಟರನ್ನು.

ಜೂನ್ ಹೋಯಿತು. ಗ್ಲೆನ್ನಿಸ್ ವಾರಕ್ಕೊಮ್ಮೆ ಕೇಳುವಳು, ಥೆಲ್ಮಾ ವಾರಕ್ಕೊಂದು ಸುಳ್ಳು ಹೇಳುವಳು. ನಿವೃತ್ತಿಯ ಹಣವೆಲ್ಲ ಇಬ್ಬರ ಹೆಸರಿನ ಖಾತೆಗೆ ಹೋಗುತ್ತಿತ್ತು, ಅದರಲ್ಲಿ ಹತ್ತು ಡಾಲರು ಅಲುಗಾಡಿದರೂ ಎಲ್ಡನ್‌ನ ಫೋನು ಕುಂಯ್ಗುಡುತ್ತಿತ್ತು. ಕದ್ದು ಟಿಕೆಟ್ ಕೊಳ್ಳಲು ಅವಳಿಗೆ ಭಯವೇನೂ ಇರಲಿಲ್ಲ, ಆದರೆ ಮನಸ್ಸು ಒಪ್ಪಲಿಲ್ಲ. ಮಂಜಿನಲ್ಲಿ ಎರಡು ಬಸ್ಸು ಬದಲಿಸಿ ಹಾಲು ತಂದವಳು ಅವಳು. ಸಾಸಿವೆ ತಿಂದವಳು ಅವಳು. ಆ ಪಾಯಿಂಟಿನಲ್ಲಿ ಅರ್ಧ ತನ್ನದು. ತನ್ನದನ್ನು ತೆಗೆದುಕೊಂಡೇ ಊರಿಗೆ ಹೋಗಬೇಕೆಂಬ ಹಟ ಅವಳಿಗೆ ಬಂದುಬಿಟ್ಟಿತ್ತು.

ಜುಲೈಯಲ್ಲಿ ಆ ವಿಮಾನ ಕಂಪನಿಯವರು ಒಂದು ಗಾಳ ಹಾಕಿದರು. ಮನೆಮಂದಿಯೆಲ್ಲ ಪಾಯಿಂಟು ಒಟ್ಟಿಗೆ ಹಾಕುವ ಕುಟುಂಬ ಖಾತೆ ಎಂದೊಂದಿದೆ. ಅದಕ್ಕೆ ಒಬ್ಬರು ಯಜಮಾನರು. ಹಿಂದೆಂದೂ ಯಜಮಾನರಾಗಿರದವರ ಹೆಸರಿನಲ್ಲಿ ಹೊಸದಾಗಿ ತೆರೆದರೆ ದಂಡಿಯಾಗಿ ಬೋನಸ್ ಪಾಯಿಂಟು. ಎಲ್ಡನ್‌ನ ಬಾಯಲ್ಲಿ ನೀರೂರಿತು. ಅವನು ತನ್ನ ಹಳೆಯ ಖಾತೆಯನ್ನು ಮುಚ್ಚಿ, ಹೆಂಡತಿಯ ಹೆಸರಿನಲ್ಲಿ ಹೊಸದು ತೆರೆದು, ಇದ್ದಬದ್ದ ಪಾಯಿಂಟುಗಳನ್ನೆಲ್ಲ ಅದಕ್ಕೆ ಸುರಿದ.

"ಇಲ್ಲಿ ಒತ್ತು," ಎಂದು ಥೆಲ್ಮಾಳನ್ನು ಕರೆದ.

"ಏನಿದು?"

"ನಿನಗೆ ಅರ್ಥ ಆಗಲ್ಲ. ಒತ್ತು."

ಅವಳು ಕೈಯಲ್ಲಿದ್ದ ಹಿಟ್ಟು ಒರೆಸಿಕೊಂಡು ಒತ್ತಿದಳು.

ಆ ಶುಕ್ರವಾರ ಥೆಲ್ಮಾ ಕಾರಿನ ಬೀಗದ ಕೈ ಕೇಳಲು ಡೋನಟ್ ಅಂಗಡಿಗೆ ಹೋದಾಗ ಎಲ್ಡನ್ ಬೋನಸ್ ಬಂದದ್ದನ್ನು ಗೆಳೆಯರ ಮುಂದೆ ಬಡಾಯಿ ಕೊಚ್ಚುತ್ತಿದ್ದ. ನಾರ್ಬರ್ಟ್ ಅವನ ಮಾತು ಪೂರ್ತಿ ಕೇಳಿಸಿಕೊಂಡು, ಮುಖ ಎತ್ತಿ ಥೆಲ್ಮಾಳನ್ನೇ ನೋಡಿದ.

"ಹಾಗಾದ್ರೆ ಈಗ ಯಜಮಾನಿ ನೀವೇ ಅನ್ನಿ, ಥೆಲ್ಮಾ. ಯಜಮಾನ್ರು ಬಿಟ್ರೆ ಬೇರೆಯೋರು ಪಾಯಿಂಟ್ ಮುಟ್ಟೋ ಹಾಗಿಲ್ಲ, ಗೊತ್ತಲ್ಲ?"

"ಬಾಯ್ಮುಚ್ಚೋ ಟೋಸ್ಟರ್," ಎಂದ ಎಲ್ಡನ್. "ಹೆಸರಿಗಷ್ಟೇ ಅವಳು."

ಥೆಲ್ಮಾ ಬೀಗದ ಕೈ ತೆಗೆದುಕೊಂಡು ನೆಟ್ಟಗೆ ಮನೆಗೆ ಬಂದಳು. ಚಪ್ಪಲಿ ಕೂಡ ಬಿಚ್ಚದೆ ಕಂಪನಿಗೆ ಫೋನ್ ಹಚ್ಚಿದಳು. ಆ ಕಡೆಯ ಹುಡುಗಿ ವಿನಯದವಳು. ಆಗಸ್ಟ್ ಕೊನೆಯ ವಾರ, ಡಿಯರ್ ಲೇಕಿಗೆ ಹೋಗಿ ಬರಲು ಒಂದು ಸೀಟು ಎಂದು ಹುಡುಕಿ, ಬೆಲೆ ಹೇಳುವ ಮೊದಲು ಗಂಟಲು ಸರಿಮಾಡಿಕೊಂಡಳು. ಖಾತೆಯಲ್ಲಿದ್ದದ್ದು ಹೆಚ್ಚುಕಡಿಮೆ ಪೂರ್ತಿ ಹೋಗುತ್ತಿತ್ತು.

"ಅಮ್ಮಾ, ನಾನು ಹೀಗೆ ಹೇಳ್ಬಾರದು, ಆದ್ರೆ ಈ ಪಾಯಿಂಟಲ್ಲಿ ನೀವಿಬ್ರೂ ಪ್ರಪಂಚದ ಯಾವ ಮೂಲೆಗೆ ಬೇಕಾದ್ರೂ ಹೋಗ್ಬಹುದು. ಇದು ಒಳ್ಳೆ ಬೆಲೆ ಅಲ್ಲ."

"ನಾನು ಹೋಗ್ಬೇಕಾಗಿರೋ ಮೂಲೆ ಇದೇ ಕಣಮ್ಮ. ಮಾಡು."

ಎಲ್ಡನ್ ಮಧ್ಯಾಹ್ನ ಮನೆಗೆ ಬಂದು ಖಾತೆ ನೋಡಿದ. ಯಾರೋ ಖಾತೆಗೆ ಕನ್ನ ಹಾಕಿದ್ದಾರೆಂದು ಪೊಲೀಸರಿಗೆ ಫೋನ್ ಮಾಡಲು ಹೊರಟ. ಥೆಲ್ಮಾ ತಡೆದು, ನಾನೇ ಎಂದಳು.

"ನೀನಾ? ಎಲ್ಲಾನೂ? ಅದೂ ಎಕಾನಮಿ ಸೀಟಿಗೆ?" ಅವನ ದನಿ ಕೀರಲಾಯಿತು. "ಅರ್ಧ ಸೆಂಟಿಗಿಂತ ಕಡಿಮೆ ಕಣೇ! ಟೋಸ್ಟರ್‌ಗಿಂತ ಕಡೆ! ಇಪ್ಪತ್ತು ವರ್ಷದ ಸಂಪಾದನೆ! ಮನೇಲೇ ಕಳ್ಳಿ ಸಾಕಿದ್ದೆ ನಾನು!"

"ಕೂಗ್ಬೇಡ. ಮೇನಲ್ಲಿ ತಗೊಂಡಿದ್ರೆ ಅರ್ಧ ಉಳೀತಿತ್ತು."

"ಮುಖ ತೋರಿಸ್ಬೇಡ ನನಗೆ."

"ಅದಕ್ಕೇ ಹೋಗ್ತಿರೋದು."

ಆಮೇಲಿನ ಐದು ವಾರ ಆ ಮನೆಯಲ್ಲಿ ಮಾತೇ ಇರಲಿಲ್ಲ. ವಿಮಾನ ನಿಲ್ದಾಣಕ್ಕೆ ಅವಳನ್ನು ಬಿಟ್ಟು ಬಂದವನು ನಾರ್ಬರ್ಟ್. ಕಾರು ಹೊರಡುವಾಗ ಎಲ್ಡನ್ ಅಂಗಳದಲ್ಲೇ ಇದ್ದ, ಹುಲ್ಲು ಕತ್ತರಿಸುವ ಯಂತ್ರದ ಸದ್ದು ಮಾಡಿಕೊಂಡು, ಬೆನ್ನು ತಿರುಗಿಸಿ.

ಪಿಂಚರ್ಸ್ ಕೋವ್‌ನಲ್ಲಿ ಥೆಲ್ಮಾ ಅಪ್ಪ ಅಮ್ಮನ ಸಮಾಧಿಯ ಬೇಲಿಗೆ ಬಿಳಿ ಬಣ್ಣ ಹೊಡೆದಳು. ಮಂಡಿ ನೋವೆಂದು ವಿನಿಪೆಗ್ಗಿನಲ್ಲಿ ಮೆಟ್ಟಿಲು ಹತ್ತದವಳು ಅಲ್ಲಿ ಹಾಲ್‌ನಲ್ಲಿ ಅಕಾರ್ಡಿಯನ್ ವಾದ್ಯ ನಿಲ್ಲುವವರೆಗೂ ಕುಣಿದಳು. ಉಪ್ಪು ಮೀನನ್ನೂ ಹುರಿದ ಹಂದಿಕೊಬ್ಬನ್ನೂ ತಟ್ಟೆ ತುಂಬ ಹಾಕಿಸಿಕೊಂಡು, ಅಳುತ್ತ ತಿಂದಳು, ತಿನ್ನುತ್ತ ನಕ್ಕಳು. ಕೊನೆಯ ದೋಣಿ ಹೊರಟಾಗ ಯಾರೂ ಕೈ ಬೀಸಲಿಲ್ಲ, ಬೀಸಲು ದಡದಲ್ಲಿ ಯಾರೂ ಇರಲಿಲ್ಲ. ಗ್ಲೆನ್ನಿಸ್ ಅವಳ ತೋಳು ಹಿಡಿದುಕೊಂಡು, ಬರ್ಜಿಯೊ ಕಾಣುವವರೆಗೂ ಬಿಡಲಿಲ್ಲ.

ಇಷ್ಟು ದಿನಗಳಲ್ಲಿ ಎಲ್ಡನ್‌ನಿಂದ ಒಂದು ಫೋನಿಲ್ಲ. ಊರು ಹೇಗಿತ್ತು, ಬೇಲಿ ಮುಗಿಯಿತಾ, ಮಂಡಿ ಹೇಗಿದೆ ಎಂದು ಒಂದು ಮಾತಿಲ್ಲ. ಹೊರಡುವ ದಿನ ಬೆಳಿಗ್ಗೆ ಗ್ಲೆನ್ನಿಸಳ ಹೊಸ ಮನೆಯಲ್ಲಿ ಥೆಲ್ಮಾ ಚೀಲ ಕಟ್ಟಿ, ಕೋಟು ತೊಟ್ಟು, ನಿಲ್ದಾಣಕ್ಕೆ ಬಿಡಲು ಒಪ್ಪಿದ್ದ ಅಲ್ಲಿಯ ನೆರೆಯವನೊಬ್ಬನ ಕಾರಿಗಾಗಿ ಕಾಯುತ್ತ ಕೂತಿದ್ದಾಗ ಮೊಬೈಲಿಗೆ ಅವನ ಸಂದೇಶ ಬಂತು. ಟೊರೊಂಟೊದಲ್ಲಿ ಊಟಕ್ಕೆ ದುಡ್ಡು ಕೊಡಬೇಡ, ಕೂಪನ್ ಕಳಿಸಿದ್ದೇನೆ, ನನ್ನ ಕಾರ್ಡಿನ ನಂಬರು ಹೇಳು, ಪಾಯಿಂಟು ಬರುತ್ತದೆ ಎಂದಿತ್ತು.

ಅವಳು ಅದನ್ನು ಮತ್ತೊಮ್ಮೆ ಓದಿದಳು. ಆಮೇಲೆ ಎದ್ದು ಕೋಟು ಬಿಚ್ಚಿ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದಳು.

"ಏನೇ ಇದು?" ಎಂದಳು ಗ್ಲೆನ್ನಿಸ್. "ಕಾರು ಬರೋ ಹೊತ್ತಾಯ್ತು."

"ವಾಪಸ್ ಕಳಿಸ್ಬಿಡು. ನಿನ್ನ ಹತ್ರ ಇನ್ನೊಂದು ಹಾಸಿಗೆ ಇದೆ ತಾನೆ?"

"ಇದೆ. ಅವನಿಗೆ ಹೇಳಲ್ವಾ?"

"ವಿಮಾನ ಇಳಿದಾಗ ನಾನು ಕಾಣದೇ ಇದ್ರೆ ಕೇಳ್ತಾನಲ್ಲ. ಕೇಳ್ಲಿ."

ಅಂದು ಸಂಜೆ ವಿಮಾನ ವಿನಿಪೆಗ್ ತಲುಪುವ ಹೊತ್ತಿಗೆ ಅವಳು ಮೊಬೈಲನ್ನು ಮೇಜಿನ ಮೇಲೆ ಇಟ್ಟುಕೊಂಡೇ ಕೂತಿದ್ದಳು. ಒಳಗೆ ಎಲ್ಲೋ ಇನ್ನೂ ಆಸೆಯಿತ್ತು, ಹಾಳಾದ್ದು. ಹೆದರಿ ಫೋನ್ ಮಾಡಬಹುದು, ಥೆಲ್ಮಾ ಎಲ್ಲಿದ್ದೀಯೆ ಎಂದು ಗಾಬರಿಯಿಂದ ಕೇಳಬಹುದು, ಕೇಳಿದರೆ ಹೇಳಬೇಕಾದ ಮಾತು ಬೇಕಾದಷ್ಟಿತ್ತು. ಫೋನ್ ಬರಲಿಲ್ಲ. ಅವನು ನಿಲ್ದಾಣಕ್ಕೆ ಹೋಗಿಯೇ ಇರಲಿಲ್ಲ.

ಬಂದದ್ದು ಮರುದಿನ ಮಧ್ಯಾಹ್ನ. ಥೆಲ್ಮಾ ಕಾಡ್ ಮೀನಿನ ಹೊಟ್ಟೆ ಸೀಳುತ್ತಿದ್ದಳು. ಗ್ಲೆನ್ನಿಸ್ ಮೊಬೈಲನ್ನು ಅವಳ ಕಿವಿಗೆ ಹಿಡಿದಳು.

"ಈಗ ಖಾತೆ ನೋಡ್ದೆ," ಎಂದ ಎಲ್ಡನ್. ಅವನ ದನಿ ನಡುಗುತ್ತಿತ್ತು. "ವಾಪಸ್ ಬರೋ ಸೀಟಲ್ಲಿ ನೀನು ಕೂತೇ ಇಲ್ಲ."

"ಇಲ್ಲ, ಎಲ್ಡನ್."

"ಥೆಲ್ಮಾ," ಎಂದ ಅವನು. ಅವಳು ಕತ್ತಿ ಕೆಳಗಿಟ್ಟಳು. "ವಿಮಾನ ಹೊರಡೋ ಮುಂಚೆ ಒಂದು ಫೋನ್ ಮಾಡಿ ಕ್ಯಾನ್ಸಲ್ ಮಾಡಿದ್ರೆ ಆ ಸೀಟಿನ ಪಾಯಿಂಟೆಲ್ಲ ವಾಪಸ್ ಬರ್ತಿತ್ತಲ್ಲೇ! ಅರ್ಧಕ್ಕರ್ಧ ಬರ್ತಿತ್ತು! ಸೀಟು ಖಾಲಿ ಹೋಯ್ತು. ಒಂದು ಫೋನ್ ಮಾಡೋಕೆ ಏನಾಗಿತ್ತು ನಿನಗೆ?"

ಅವಳು ಕತ್ತಿಯನ್ನು ಮತ್ತೆ ಕೈಗೆತ್ತಿಕೊಂಡಳು.

"ಕ್ಯಾನ್ಸಲ್ ಮಾಡ್ಬಹುದು ಅಂತ ನನಗೂ ಗೊತ್ತಿತ್ತು," ಎಂದಳು. "ಫೋನಿಡು ಗ್ಲೆನ್ನಿಸ್, ಕೈಯೆಲ್ಲ ಮೀನಾಗಿದೆ."