ತಾಂಡೂರ ಖಾನಾವಳಿಯ ಖಿಚಡಿ

ತಾಂಡೂರ ಸ್ಟೇಷನ್ನಿನ ಎದುರು ಒಂದು ಖಾನಾವಳಿ ಇತ್ತು. ಅಲ್ಲಿಯ ಖಿಚಡಿಯನ್ನು ನಾರಾಯಣಖೇಡದ ನಮ್ಮ ಮನೆಯಲ್ಲಿ ಮಾಡಲು ಹೊರಟವರು ಮೂವರು ಹೆಂಗಸರು: ಅವ್ವ, ಅಪ್ಪನ ಅಕ್ಕ, ನಾನು. ಮೂವರಲ್ಲಿ ಒಬ್ಬರೂ ಅದನ್ನು ಉಂಡಿರಲಿಲ್ಲ. ನೋಡಿಯೂ ಇರಲಿಲ್ಲ. ಖಾನಾವಳಿ ಎಂದರೆ ಗಂಡಸರು ಕೂತು ಉಣ್ಣುವ ಜಾಗ. ನಿಜಾಮರ ಕಾಲದ ಆ ಕೊನೆಯ ವರ್ಷಗಳಲ್ಲಿ ನಮ್ಮಂಥ ಮನೆಯ ಹೆಂಗಸು ತಾಂಡೂರಿಗೆ ಹೋದರೂ ಗಾಡಿಯ ಮರೆಯಲ್ಲಿ ಬುತ್ತಿ ಬಿಚ್ಚಿ ಉಂಡು ಬರುತ್ತಿದ್ದಳು. ಹಾಗಾಗಿ ಆ ಖಿಚಡಿಯ ಬಗ್ಗೆ ನಮಗೆ ಗೊತ್ತಿದ್ದದ್ದೆಲ್ಲ ಅಪ್ಪನ ಬಾಯಿಂದ ಬಂದದ್ದು.

ಆ ಬಾಯನ್ನು ನಾನು ಈಗ ಪೂರ್ತಿ ನಂಬುವುದಿಲ್ಲ. ನನ್ನ ನೆನಪನ್ನೂ ಅಷ್ಟೇ. ಆದರೆ ಬೇರೆ ಆಧಾರವಿಲ್ಲ.

ಅಪ್ಪ ತೊಗರಿಯ ವ್ಯಾಪಾರ ಮಾಡುತ್ತಿದ್ದ. ಕಂಗ್ಟಿ, ಮನೂರ್ ಕಡೆಯ ಹಳ್ಳಿಗಳಲ್ಲಿ ಕೊಂಡು, ರಾಶಿ ಮುಗಿದ ಮೇಲೆ ಗಾಡಿ ಕಟ್ಟಿ ತಾಂಡೂರಿಗೆ ಒಯ್ಯುತ್ತಿದ್ದ. ಮನೆಯಲ್ಲಿ ಅವನ ಮಾತು ಕಡಿಮೆ. ತಾಂಡೂರಿನಿಂದ ಬಂದ ದಿನ ಮಾತ್ರ ಕಾಲು ತೊಳೆದು ಗೋಡೆಗೆ ಒರಗಿ ಕೂತನೆಂದರೆ ಖಿಚಡಿಯ ವರ್ಣನೆ ಶುರು. ಖಾನಾವಳಿ ನಡೆಸುತ್ತಿದ್ದವರು ಜಂಗಮರು. ಲಿಂಗ ಕಟ್ಟಿದವರು ಅಲ್ಲಿ ಅನುಮಾನವಿಲ್ಲದೆ ಉಣ್ಣಬಹುದಿತ್ತು. ಖಿಚಡಿಯ ಮೇಲೆ ಖಟ್ಟಾ ಸುರಿಯುತ್ತಿದ್ದರಂತೆ. ಖಟ್ಟಾ ಎಂದರೆ ಎಳ್ಳು ಅರೆದು ಹಾಕಿದ ಹುಣಸೆಯ ತೆಳ್ಳನೆ ಸಾರು. ಮುಸಲ್ಮಾನರ ಮನೆಗಳ ಅಡುಗೆ, ಜಂಗಮರು ಕಲಿತು ತಮ್ಮದು ಮಾಡಿಕೊಂಡಿದ್ದರು.

"ಅಕ್ಕಿ ಕಾಳಿಗಿ ಕಾಳು ಬ್ಯಾರೆ ಇರ್ತದ. ಕೈಗಿ ಹತ್ತಲ್ಲ," ಎನ್ನುತ್ತಿದ್ದ ಅಪ್ಪ. "ಮ್ಯಾಲ ಖಟ್ಟಾ ಸುರದ್ರ ಮುಗೀತು. ತಾನಾಗೇ ಗಂಟಲದಾಗ ಇಳೀತದ."

"ಆ ಖಾನಾವಳಿನೇ ಲಗ್ನ ಆಗಬೇಕಿತ್ರಿ ನೀವು," ಎಂದು ಅವ್ವ ರೊಟ್ಟಿ ಬಡಿಯುತ್ತಲೇ ಹೇಳುವಳು. "ನನ್ನ ಯಾಕ ತಂದ್ರಿ?"

"ರೊಟ್ಟಿ ಬಡ್ಯಾಕ."

ಅತ್ತೆ ಸೆರಗು ಬಾಯಿಗೆ ಇಟ್ಟುಕೊಂಡು ನಗುವಳು. ಗಂಡ ಸತ್ತು ತಮ್ಮನ ಮನೆಯಲ್ಲಿದ್ದ ಆಕೆ ನಗುತ್ತಿದ್ದದ್ದು ಇಂಥ ಮಾತಿಗೆ ಮಾತ್ರ.

ನನ್ನನ್ನು ಜಹೀರಾಬಾದಿಗೆ ಕೊಟ್ಟಿದ್ದರು. ಅಪ್ಪನ ಕೆಮ್ಮಿನಲ್ಲಿ ರಕ್ತ ಬರುತ್ತದೆಂದು ಹೇಳಿಕಳಿಸಿದಾಗ ತವರಿಗೆ ಬಂದೆ. ಹಕೀಮರು ನಾಡಿ ಹಿಡಿದು 'ದಿಖ್' ಎಂದರು; ನಾವು ಕ್ಷಯ ಎನ್ನುವುದಕ್ಕೆ ಅವರ ಮಾತು ಅದು. ಇವರು ಉಂಡ ಗಂಗಾಳ ಬೇರೆ ಇಡಿ, ಇವರ ಎಂಜಲನ್ನು ಯಾರೂ ಮುಟ್ಟಬೇಡಿ ಎಂದು ಹೇಳಿ ಹೋದರು. ಹೇಳಿದ್ದು ಎರಡೇ ಮಾತು. ಆ ಎರಡು ಮಾತಿನಿಂದ ನಮ್ಮ ಮನೆಯ ಊಟದ ಪದ್ಧತಿಯೇ ಮುರಿದುಬಿತ್ತು.

ನಮ್ಮಲ್ಲಿ ಅಡ್ಡಣಿಗೆಯ ಮೇಲೆ ಗಂಗಾಳ ಇಟ್ಟು, ಮೂರು ಕಾಲಿನ ಆ ಮಣೆಯ ಮುಂದೆ ಕೂತು, ಎಡ ಅಂಗೈಯ ಲಿಂಗಕ್ಕೆ ತೋರಿಸಿ ಉಣ್ಣುತ್ತಾರೆ. ತೋರಿಸಿದ ಮೇಲೆ ಅದು ಅನ್ನವಲ್ಲ, ಪ್ರಸಾದ. ಒಂದು ಅಗುಳೂ ಬಿಡುವಂತಿಲ್ಲ. ಬೆರಳಿನಿಂದ ಬಳಿದು, ಗಂಗಾಳಕ್ಕೆ ನೀರು ಹಾಕಿ ತೊಳೆದು, ಆ ನೀರನ್ನೂ ಕುಡಿಯಬೇಕು. ಎಲ್ಲ ಮನೆಗಳಲ್ಲಿ ಇಷ್ಟು ಕಟ್ಟುನಿಟ್ಟು ಇರಲಿಲ್ಲವೇನೋ. ನಮ್ಮಪ್ಪನಲ್ಲಿ ಇತ್ತು. ಅವನ ಕೈಯಲ್ಲಿ ಏನಾದರೂ ಮಿಗುವಂತಾದರೆ ಅದು ಅವ್ವನ ಪಾಲು. ಅವನು ಎದ್ದ ಮೇಲೆ ಅದೇ ಗಂಗಾಳಕ್ಕೆ ರೊಟ್ಟಿ ಹಾಕಿಕೊಂಡು ಆಕೆ ಉಣ್ಣುತ್ತಿದ್ದಳು. ಹಕೀಮರು ಹೋದ ದಿನವೇ ಅಪ್ಪ ಅದನ್ನು ನಿಲ್ಲಿಸಿದ. ತನ್ನ ಗಂಗಾಳವನ್ನು ತಾನೇ ಬೂದಿಯಿಂದ ತಿಕ್ಕಿ ತಲೆದಿಂಬಿನ ಪಕ್ಕ ಇಟ್ಟುಕೊಂಡ. ಅವ್ವ ಕೈಚಾಚಿದರೆ, "ದೂರ ಸರಿ," ಎನ್ನುತ್ತಿದ್ದ. ಆಗಲೇ ದನಿ ಕೂತಿತ್ತು. ಮಾತು ಗಾಳಿಯಂತೆ ಬರುತ್ತಿತ್ತು.

ಒಂದು ದಿನ ಜೋಳದ ಅಂಬಲಿ ಬಡಿಸಿದ್ದೆವು. ಮಧ್ಯಾಹ್ನ ಕೂತವನು ದೀಪ ಹಚ್ಚುವ ಹೊತ್ತಾದರೂ ಗಂಗಾಳದ ಮುಂದಿನಿಂದ ಏಳಲಿಲ್ಲ. ಒಂದು ಗುಟುಕು, ಕಣ್ಣು ಮುಚ್ಚುವುದು, ಗೋಡೆ ನೋಡುವುದು, ಇನ್ನೊಂದು ಗುಟುಕು. ಅಂಬಲಿ ತಣ್ಣಗಾಗಿ ಕೆನೆಗಟ್ಟಿತ್ತು. ಕೊನೆಗೆ ಮುಗಿಸಿದ, ತೊಳೆದು ಕುಡಿದ. ಬಾಯಿಗೆ ರುಚಿ ಹತ್ತಿಲ್ಲ ಎಂದುಕೊಂಡೆವು ನಾವು. ಮರುದಿನ ಬಡಿಸಲು ಹೋದರೆ ಗಂಗಾಳವನ್ನು ಮಗುಚಿ ಇಟ್ಟಿದ್ದ.

"ಏನೂ ಬ್ಯಾಡ," ಎಂದ. ಆಮೇಲೆ ನಮ್ಮ ಮುಖಗಳನ್ನು ನೋಡಿ, "ತಾಂಡೂರ ಖಿಚಡಿ ಇದ್ರ ಉಣ್ತೀನಿ," ಎಂದ.

ಆ ಮಾತಿಗೆ ಮನೆಯಲ್ಲಿ ಎಷ್ಟು ಸಂತೋಷವಾಯಿತೆಂದರೆ ಅತ್ತೆ ಅಳತೊಡಗಿದಳು. ಬೇಕು ಎನ್ನುವ ಬಾಯಿ ಬದುಕುವ ಬಾಯಿ ಎಂದಳು. ಅಪ್ಪ ಉಂಡರೆ ಬದುಕುತ್ತಾನೆ. ಉಣ್ಣಬೇಕಾದರೆ ಖಿಚಡಿ ಬೇಕು. ನಮಗೆ ಹಿಡಿದುಕೊಳ್ಳಲು ಅಷ್ಟು ಸಿಕ್ಕಿತು. ಅಕ್ಕಿ ಸರ್ಕಾರದ ಕಂಟ್ರೋಲಿನಲ್ಲಿದ್ದ ಕಾಲ. ಜೋಳ ಕೊಟ್ಟು, ಕೈಕಾಲು ಹಿಡಿದು ಅಕ್ಕಿ ತಂದೆವು. ಎಳ್ಳಮವಾಸಿ ಈಗಷ್ಟೇ ಕಳೆದಿತ್ತು, ಮನೆಯಲ್ಲಿ ಎಳ್ಳಿತ್ತು.

ಮೊದಲ ಖಿಚಡಿಗೆ ನಮ್ಮದೇ ತೊಗರಿ ಬೇಳೆ ಹಾಕಿದೆವು. ಅವ್ವ ಬೋಗುಣಿಯ ಮುಚ್ಚಳ ತೆಗೆದು ಅಪ್ಪನ ಮುಂದೆ ಹಿಡಿದಳು. ಅವನು ನೋಡಿದ. ಮೂಸಿದ.

"ಇದಲ್ಲ."

"ಮತ್ತ ಹ್ಯಾಂಗಿರ್ತದೋ ತಮ್ಮಾ?" ಎಂದಳು ಅತ್ತೆ.

"ಮಸೂರ ಬ್ಯಾಳಿ ಹಾಕಿರ್ತಾರ. ಬಣ್ಣ ಬ್ಯಾರೆ."

ಮಸೂರ ಬೇಳೆ ಬಂತು. ಅದನ್ನೂ ಬೋಗುಣಿಯಲ್ಲೇ ನೋಡಿ, ಅಕ್ಕಿ ಬಿಡಿಬಿಡಿಯಾಗಿದೆ, ಮೆತ್ತಗಿರಬೇಕು ಎಂದ. ಇಷ್ಟು ವರ್ಷ ಕಾಳಿಗೆ ಕಾಳು ಬೇರೆ ಎಂದವನು ಇವನೇ. ನಾನು ಅದನ್ನು ಹೇಳಹೋದರೆ ಅತ್ತೆ ತೊಡೆ ಚಿವುಟಿದಳು. ಮೆತ್ತಗೆ ಮಾಡಿದೆವು. ಖಟ್ಟಾ ಗಟ್ಟಿಯಾಯಿತು ಎಂದ. ತೆಳ್ಳಗೆ ಮಾಡಿದೆವು. ಎಳ್ಳು ಹೆಚ್ಚು ಹುರಿದಿದೆ ಎಂದ. ಎಳ್ಳಲ್ಲ, ಶೇಂಗಾ ಎಂದ. ಉಳ್ಳಾಗಡ್ಡಿಯನ್ನು ಹಸಿಯಾಗಿ ಹಾಕಬೇಕೆಂದ. ಒಲೆಯದು ಕಟ್ಟಿಗೆ ಹೊಗೆ, ಅಲ್ಲಿ ಇದ್ದಿಲು ಎಂದ. ಅತ್ತೆ ಕಮ್ಮಾರನ ಬಳಿ ಹೋಗಿ ಸೆರಗಿನಲ್ಲಿ ಇದ್ದಿಲು ಕಟ್ಟಿಕೊಂಡು ಬಂದಳು.

"ನಿನ್ನ ತಮ್ಮ ಏನ್ ಉಣ್ಣಾಕ ಕೇಳ್ಯಾನೋ, ನಮ್ಮ ಕೈಲೆ ಆಟ ಆಡ್ಸಾಕ ಕೇಳ್ಯಾನೋ," ಎಂದಳು ಅವ್ವ ಒಮ್ಮೆ, ಒಳಕಲ್ಲಿನ ಮುಂದೆ ಕೂತು.

"ಆಡಸ್ಲಿ ಬಿಡು," ಎಂದಳು ಅತ್ತೆ. "ಆಡ್ಸೋನಾದ್ರೂ ಇದ್ದಾನಲ್ಲ."

ಅಷ್ಟೂ ಸಲ ಖಿಚಡಿ ಬೋಗುಣಿಯಿಂದ ಗಂಗಾಳಕ್ಕೆ ಬರಲಿಲ್ಲ. ಅವನು ಕಣ್ಣಿನಿಂದ, ಮೂಗಿನಿಂದ ತೀರ್ಮಾನ ಮಾಡುತ್ತಿದ್ದ. ನಾಲಿಗೆಗೆ ಮುಟ್ಟಿಸಲಿಲ್ಲ. ಹಟ ಮಾಡುವವರು ಹೀಗೇ ಇರುತ್ತಾರೆಂದು ನಮಗೆ ಅನಿಸಿರಬೇಕು. ಅವನು ಒಲ್ಲೆ ಎಂದದ್ದನ್ನು ಉಣ್ಣುತ್ತಿದ್ದವರು ನಾವು. ರೊಟ್ಟಿಯ ಮನೆಯಲ್ಲಿ ದಿನಾ ಅಕ್ಕಿ. ಅಪ್ಪನ ಕೊರಳಿನ ಎಲುಬು ಎದ್ದು ಕಾಣುತ್ತಿದ್ದ ಆ ಚಳಿಗಾಲದಲ್ಲಿ ನನ್ನ ಕುಪ್ಪಸ ಬಿಗಿಯಾಯಿತು. ಇದು ನಾನು ಕಲ್ಪಿಸಿಕೊಂಡದ್ದಲ್ಲ. ಅದರ ಹೊಲಿಗೆ ಬಿಚ್ಚಿ ಮತ್ತೆ ಹಾಕಿದ್ದು ನಾನೇ.

ಅವನು ಹೇಳುತ್ತಿದ್ದ ಖಿಚಡಿ ಒಂದೇ ಅಲ್ಲವೆಂದು ನನಗೆ ಆಗಲೇ ತಿಳಿಯಿತು ಎಂದು ಬರೆದರೆ ಚೆನ್ನಾಗಿರುತ್ತದೆ. ತಿಳಿಯಲಿಲ್ಲ. ನನ್ನ ಗಂಡನಿಗೆ ಹೇಳಿಕಳಿಸಿದೆ, ಅಷ್ಟೇ: ತಾಂಡೂರಿಗೆ ಹೋದಾಗ ಆ ಖಾನಾವಳಿಯಿಂದಲೇ ಖಿಚಡಿ ತನ್ನಿ.

ಅವರು ಹಾಸುಗಲ್ಲಿನ ಕೆಲಸಕ್ಕೆ ತಾಂಡೂರಿಗೆ ಹೋಗುತ್ತಿದ್ದರು. ಬೆಳಗಿನ ರೈಲಿಗೆ ಹಿತ್ತಾಳೆ ಡಬ್ಬಿಯಲ್ಲಿ ಖಿಚಡಿ, ಚಿಕ್ಕ ತಂಬಿಗೆಯಲ್ಲಿ ಖಟ್ಟಾ ಹಿಡಿದು ಹತ್ತಿ, ವಿಕಾರಾಬಾದಿನಲ್ಲಿ ಗಾಡಿ ಬದಲಿಸಿ, ಜಹೀರಾಬಾದಿನಿಂದ ಯಾರದೋ ಲಾರಿಯಲ್ಲಿ ನಿಂತು, ಸಂಜೆಗೆ ನಾರಾಯಣಖೇಡ ಮುಟ್ಟಿದರು. ತಂಬಿಗೆಯ ಬಾಯಿಗೆ ಕಟ್ಟಿದ್ದ ಬಟ್ಟೆ ನೆನೆದು ಅವರ ಧೋತರದ ಮೇಲೆಲ್ಲ ಹುಳಿಯ ಕಲೆ. ಚಳಿಯಿದ್ದದ್ದರಿಂದ ಕೆಟ್ಟಿರಲಿಲ್ಲ. ಅವ್ವ ಬಿಸಿ ಮಾಡಿದಳು. ಮನೆ ತುಂಬ ಬೇರೆಯದೇ ಒಂದು ವಾಸನೆ ಬಂತು. ನಾವು ಮಾಡಿದ ಯಾವುದಕ್ಕೂ ಇಲ್ಲದ್ದು.

ಅವ್ವ ಮುಚ್ಚಳ ತೆಗೆದು ಹಿಡಿದಳು. ಅಪ್ಪ ನೋಡಿದ. ಅವನ ಮೂಗಿನ ಹೊಳ್ಳೆಗಳು ಅರಳಿದವು.

"ಇದಲ್ಲ."

ನನ್ನ ಗಂಡನಿಗೆ ತಡೆಯಲಾಗಲಿಲ್ಲ. "ಏನ್ ಮಾತ್ರಿ ಮಾವನೋರ! ಅಯ್ಯನೋರು ತಮ್ಮ ಕೈಲೆ ಹಾಕಿ ಕೊಟ್ಟಾರ. ನಿಮ್ಮ ಸಲುವಾಗಿ ಅಂದಮ್ಯಾಲ ಖಟ್ಟಾ ಇನ್ನೊಂದು ಸವಟು ಹಾಕ್ಯಾರ."

ಅಪ್ಪ ಡಬ್ಬಿಯನ್ನು ಇನ್ನೊಮ್ಮೆ ನೋಡಿದ. "ಅಡಗಿಯವ ಬದಲಾಗ್ಯಾನ," ಎಂದ. ಗೋಡೆಯ ಕಡೆ ತಿರುಗಿದ.

ಅವ್ವ ಮುಚ್ಚಳ ಹಾಕಲಿಲ್ಲ. ಅವನ ಬೆನ್ನನ್ನು ನೋಡುತ್ತ ನಿಂತಳು. ಆಮೇಲೆ ನನ್ನ ಗಂಡನಿಗೆ ಕಾಲು ತೊಳೆಯಲು ನೀರು ಕೊಡು ಎಂದು ನನ್ನನ್ನು ಹೊರಗೆ ಕಳಿಸಿದಳು.

ಮುಂದಿನದನ್ನು ನಾನು ಬಾಗಿಲ ಹಿಂದೆ ನಿಂತು ಕೇಳಿದೆ ಎಂದು ಎಷ್ಟೋ ಜನರಿಗೆ ಹೇಳಿದ್ದೇನೆ. ಆ ಕೋಣೆಗೆ ಬಾಗಿಲೇ ಇರಲಿಲ್ಲ; ಒಂದು ಹಳೆಯ ಕಂಬಳಿ ಕಟ್ಟಿದ್ದರು. ಕಂಬಳಿಯ ಹೊರಗೆ ನಿಂತಿರಬೇಕು. ಮಾತುಗಳು ಇವೇ. ಇವನ್ನು ಅವ್ವನೂ ಆಮೇಲೆ ಹೀಗೇ ಹೇಳಿದಳು.

"ಖರೇ ಹೇಳ್ರಿ. ಇದು ಅದೇ ಹೌದಲ್ಲ?"

ಅವ್ವ ಅಡ್ಡಣಿಗೆ ಎಳೆದಳು, ಗಂಗಾಳ ಇಟ್ಟ ಸಪ್ಪಳ. "ಒಂದು ತುತ್ತು ತಗೋರಿ. ಉಳದದ್ದು ನಂದು."

"ಹಾಕಬ್ಯಾಡ! ಹಾಕಬ್ಯಾಡ ಅಂದ್ರ..." ಕೆಮ್ಮು ಬಂತು. ಅದು ನಿಲ್ಲುವ ತನಕ ಇಬ್ಬರೂ ಕಾದರು. ಆಮೇಲೆ ಅಪ್ಪ ಆ ಗಾಳಿಯ ದನಿಯಲ್ಲಿ ಹೇಳಿದ: "ನುಂಗಾಕ ಆಗಲ್ಲ ನಂಗ. ಗಂಟಲದಾಗ ಕೆಂಡ ಇಟ್ಟಂಗ ಆಗ್ತದ. ಗಂಗಾಳಕ್ಕ ಬಂದದ್ದು ಬಿಡಾಕ ಬರಲ್ಲ. ನಾ ಬಿಟ್ಟದ್ದು ನೀ ಉಣ್ತಿ. ನಿನಗ ಇದು ಹತ್ತಬಾರ್ದು."

"ಎಮ್ಮಿಗಿ ಹಾಕ್ತೀನಿ ತಗೋರಿ. ನಾ ಉಣ್ಣಲ್ಲ."

"ಪ್ರಸಾದ ಎಮ್ಮಿಗಿ ಹಾಕ್ತಿ?"

"ಅದಕ್ಕ ಖಿಚಡಿ ಕೇಳಿದ್ರಿ."

"ನಿಮ್ಮ ಕೈಲೆ ಆಗಲ್ಲ ಅಂತ ಕೇಳಿದ್ದೆ. ನೀವು ಹುಚ್ಚರು ರೈಲಿನಾಗ ತರಸ್ತೀರಂತ ನಂಗೇನ್ ಗೊತ್ತು?"

ಅವ್ವ ನಕ್ಕಳೋ ಅತ್ತಳೋ. ಕಂಬಳಿಯ ಈಚೆಗೆ ಎರಡೂ ಒಂದೇ ಸಪ್ಪಳ. ಆಮೇಲೆ ಗಂಗಾಳ ಎತ್ತಿದ ಸಪ್ಪಳ ಬಂತು. ಅವ್ವ ಅದನ್ನೂ ಅಡ್ಡಣಿಗೆಯನ್ನೂ ಹೊರಗೆ ತಂದು ನನ್ನ ಕೈಗಿಟ್ಟು, ಮತ್ತೆ ಒಳಗೆ ಹೋದಳು. ಕಂಬಳಿ ಅರ್ಧ ಸರಿದೇ ಉಳಿಯಿತು.

"ಈಗ ಗಂಗಾಳ ಇಲ್ಲ. ಬಿಡಾದು ಎಲ್ಲಿ? ಅಂಗೈ ಮುಂದ ಮಾಡ್ರಿ."

ಎಡ ಅಂಗೈಯಲ್ಲಿ ಲಿಂಗವಿತ್ತು. ಅಪ್ಪ ಬಲಗೈ ಚಾಚಿದ. ಅವ್ವ ಖಿಚಡಿಯನ್ನು ಖಟ್ಟಾದಲ್ಲಿ ಬೆರಳಿನಿಂದ ನುರಿದು, ಕಡಲೆ ಕಾಳಿನಷ್ಟನ್ನು ಅವನ ಅಂಗೈಯ ನಡುವೆ ಇಟ್ಟಳು. ಅವನು ಅದನ್ನು ಲಿಂಗಕ್ಕೆ ತೋರಿಸಿ ಬಾಯಿಗಿಟ್ಟ. ಹುಳಿ ತಾಕಿ ಮುಖವೆಲ್ಲ ಹಿಂಡಿಕೊಂಡಿತು. ಕೊರಳಿನ ಗಂಟು ಮೇಲೆ ಹೋಯಿತು, ಅಲ್ಲೇ ನಿಂತಿತು, ಕೊನೆಗೆ ಇಳಿಯಿತು. ಅಂಗೈ ನೆಕ್ಕಿದ. ಅವ್ವ ಅಂಗೈಗೆ ನೀರು ಹನಿಸಿದಳು. ಅದನ್ನೂ ಕುಡಿದ. ಏನೂ ಉಳಿಯಲಿಲ್ಲ.

ಡಬ್ಬಿಯಲ್ಲಿ ಮಿಕ್ಕದ್ದನ್ನು ಉಳಿದ ನಾವು ಒಲೆಯ ಮುಂದೆ ಕೂತು ಉಂಡೆವು. ಉಪ್ಪು ಮುಂದಾಗಿತ್ತು. ಬೇಳೆ ಅಲ್ಲಲ್ಲಿ ಬೆಂದಿರಲಿಲ್ಲ.

"ಇದಕ್ಕೇನ ನಾ ಇದ್ದಿಲು ಹೊತ್ತದ್ದು?" ಎಂದಳು ಅತ್ತೆ, ಬಾಯಲ್ಲಿ ತುತ್ತು ಇಟ್ಟುಕೊಂಡೇ. ಯಾರೂ ನಗಲಿಲ್ಲ. ಅವ್ವ ಉಣ್ಣಲಿಲ್ಲ.

ಮರುದಿನದಿಂದ ಅಪ್ಪನಿಗೆ ಅಂಗೈಯೇ ಗಂಗಾಳ. ಅವ್ವ ಅನ್ನವನ್ನು ಖಟ್ಟಾ ಇಲ್ಲದೆ ಗಂಜಿಯ ಹಾಗೆ ನುರಿದು ಇಡುತ್ತಿದ್ದಳು, ಹುಳಿ ಉರಿಯುತ್ತಿತ್ತು. ಬೇಳೆಯೂ ಹೋಯಿತು, ಸಿಕ್ಕಿಕೊಳ್ಳುತ್ತಿತ್ತು. ಉಪ್ಪು ಹೋಯಿತು. ಖಿಚಡಿಯಿಂದ ಒಂದೊಂದನ್ನೇ ತೆಗೆಯುತ್ತ ಬಂದೆವು. ಆದರೂ ಹೊತ್ತಾದಾಗ ಅವ್ವ, "ಖಿಚಡಿ ತಂದೀನ್ರಿ," ಎನ್ನುತ್ತಿದ್ದಳು. ಅವನು ಬೋಗುಣಿ ನೋಡದೆ ಕೈ ಚಾಚುತ್ತಿದ್ದ. ಇದಲ್ಲ ಎನ್ನುವುದನ್ನು ಬಿಟ್ಟಿದ್ದ.

ಅವ್ವನಿಗೆ ಕೆಮ್ಮು ಶುರುವಾದದ್ದು ಆ ಚಳಿಗಾಲದಲ್ಲೋ, ಮುಂದಿನ ವರ್ಷವೋ ಎಂಬುದರಲ್ಲಿ ನನಗೂ ಅತ್ತೆಗೂ ಕೊನೆಯವರೆಗೆ ಒಮ್ಮತವಾಗಲಿಲ್ಲ. ಬೆರಳಿನಿಂದ ನುರಿದು ಕೊಡುತ್ತಿದ್ದಳು, ಆ ಬೆರಳನ್ನು ಏನು ಮಾಡುತ್ತಿದ್ದಳೋ ನಾನು ನೋಡಲಿಲ್ಲ. ಎರಡನ್ನೂ ಕೂಡಿಸಿ ಹೇಳುವುದು ಸುಲಭ. ಕೂಡಿಸುವುದಿಲ್ಲ.

ಯುಗಾದಿಗೆ ಇನ್ನೂ ದಿನವಿತ್ತು. ಬೆಳಿಗ್ಗೆ ಅವ್ವ ಕೋಣೆಗೆ ಹೋದಾಗ ನಾನೂ ಬೋಗುಣಿ ಹಿಡಿದು ಹಿಂದೆ ಇದ್ದೆ. ಅಪ್ಪ ಕೈ ಚಾಚಿದ, ತಾನಾಗಿಯೇ. ಅವ್ವ ಅಂಗೈಯಲ್ಲಿ ಇಟ್ಟದ್ದನ್ನು ನೋಡಿ ತಲೆ ಅಲ್ಲಾಡಿಸಿದ. ಅವಳು ಅದನ್ನು ತೆಗೆದು, ಒಂದೇ ಅಗುಳು ಇಟ್ಟಳು. ಮತ್ತೆ ತಲೆ ಅಲ್ಲಾಡಿಸಿದ. ಅದನ್ನೂ ತೆಗೆದು ಬರೀ ನೀರು ಹನಿಸಿದಳು. ಅವನು ಕೈಯನ್ನು ಬಾಯಿಯ ತನಕ ತಂದ. ನೀರು ಬೆರಳುಗಳ ಸಂದಿಯಿಂದ ಸೋರಿ ದಿಂಬಿನ ಮೇಲೆ ಬಿತ್ತು. ಅವನು ಆ ಒದ್ದೆಯನ್ನು ನೋಡಿದ, ಅವ್ವನನ್ನು ನೋಡಿದ. ಅವ್ವ ಸೆರಗಿನ ಚುಂಗಿನಿಂದ ದಿಂಬು ಒರೆಸಿದಳು, ಮತ್ತೆ ಮತ್ತೆ ಒರೆಸಿದಳು.

"ಏನೂ ಉಳದಿಲ್ರಿ," ಎಂದಳು. "ನೋಡ್ರಿ ಬೇಕಾದ್ರ. ಏನೂ ಉಳದಿಲ್ಲ."