ಹಸಿರಿನ ಮೇಲೆ ಕೆಂಪು

ಆಪಾ ಅವರ ಬಲ ಅಂಗೈಯ ಅಂಚು, ಕಿರುಬೆರಳಿನಿಂದ ಮಣಿಕಟ್ಟಿನವರೆಗೆ, ಯಾವಾಗಲೂ ಬಣ್ಣ ಮೆತ್ತಿಕೊಂಡಿರುತ್ತಿತ್ತು. ಒಂದು ದಿನ ನೀಲಿ, ಇನ್ನೊಂದು ದಿನ ಕಂದು. ಸೋಪು ಹಚ್ಚಿ ತಿಕ್ಕಿದರೂ ಚರ್ಮದ ಗೆರೆಗಳಲ್ಲಿ ಒಂದಿಷ್ಟು ಉಳಿದೇ ಇರುತ್ತಿತ್ತು.

ಕೋಲಾರದಲ್ಲಿ ನಮ್ಮ ಪಕ್ಕದ ಮನೆ ಅವರದು; ಅಕ್ಕ ಎನ್ನುವ ಅರ್ಥದಲ್ಲಿ ಎಲ್ಲರೂ ಆಪಾ ಎನ್ನುತ್ತಿದ್ದರು. ಉರ್ದು ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತರಾದವರು. ಗಂಡ ಸೊಂಟ ಮುರಿದು ಮಂಚ ಹಿಡಿದಿದ್ದರು. ಆ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು, ಮಕ್ಕಳ ಬಣ್ಣ ತುಂಬುವ ಪುಸ್ತಕವನ್ನು ತೊಡೆಯ ಮೇಲಿಟ್ಟು, ಕಲರ್ ಪೆನ್ಸಿಲಿನಲ್ಲಿ ತೀಡುತ್ತಾ ಕೂತಿರುತ್ತಿದ್ದರು. "ಓದೋಕೆ ಕೂತ್ರೆ ಇವರು ಕರೆದಾಗ ಸಾಲು ತಪ್ಪೋಗುತ್ತೆ. ಟಿವಿ ಹಾಕಿದ್ರೆ ಇವರಿಗೆ ನಿದ್ದೆ ಇಲ್ಲ. ಇದಾದ್ರೆ ಎದ್ದು ಹೋಗಿ ಬಂದ್ರೂ ಬಿಟ್ಟ ಜಾಗದಲ್ಲೇ ಇರುತ್ತೆ," ಅನ್ನುತ್ತಿದ್ದರು.

ನಾನು ಅಲ್ಲಿಗೆ ಹೋಗಿ ಕೂರುವಂತಾದದ್ದು ನನಗೆ ಸ್ಟ್ರೋಕ್ ಹೊಡೆದ ಮೇಲೆ. ಗಂಡಸರ ನಡುವೆ ನಿಂತು ಟೊಮೆಟೊ ಸಗಟು ವ್ಯಾಪಾರದ ಮಂಡಿ ಕಟ್ಟಿದವಳು ನಾನು. ಹಣ್ಣು ಅದುಮಿ ನೋಡಿ ದರ ಹೇಳುತ್ತಿದ್ದ ಬಲಗೈಯಲ್ಲಿ ಈಗ ಲೋಟ ನಿಲ್ಲುತ್ತಿರಲಿಲ್ಲ. ಬೆರಳಿಗೆ ಕೆಲಸ ಕೊಡಿ, ಇಲ್ಲದಿದ್ದರೆ ಹೀಗೇ ಉಳಿಯುತ್ತದೆ ಎಂದಿದ್ದರು ಡಾಕ್ಟರು. ಕೈ ಬಾರದಿದ್ದರೆ ಮಂಡಿಯೂ ಇಲ್ಲ. ಆಪಾ ಕರೆದು ಕೂರಿಸಿದರು. ತರಕಾರಿ ಚಿತ್ರಗಳ ಹಾಳೆ ತೆಗೆದು, "ನಿನ್ನ ಮಾಲೇ ಇದೆ, ತಗೋ" ಎಂದರು.

ಕೆಂಪು ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು, ಇದ್ದ ಬಲವನ್ನೆಲ್ಲ ಹಾಕಿ ತುಂಬಿದೆ. ಬೇಗ ಮುಗಿಯಬೇಕಲ್ಲ. ಹಾಳೆ ಮೇಣ ಸವರಿದ ಹಾಗೆ ಮಿಂಚಿತು.

"ಅರೇ ಮಂಡಿಯಮ್ಮ, ಇದು ಟೊಮೆಟೊನಾ, ಹಣೇಗಿಡೋ ಸ್ಟಿಕ್ಕರಾ?"

"ಕೆಂಪಗಿಲ್ವಾ ಆಪಾ? ಇನ್ನೇನ್ ಬೇಕು?"

"ದುಂಡಗಿಲ್ಲ ಕಣೇ. ಇಷ್ಟು ಅದುಮಿದ್ಮೇಲೆ ಕಾಗದ ಇನ್ನೊಂದು ಬಣ್ಣ ಹಿಡಿಯಲ್ಲ. ನೆರಳಿಗೆ ಜಾಗಾನೇ ಬಿಟ್ಟಿಲ್ಲ ನೀನು."

ನೆರಳಿಗೆ ಕಪ್ಪು ಬಳಿದರಾಯಿತು ಎಂದೆ.

"ಕಪ್ಪು ಹಾಕಿದ್ರೆ ಕೊಳೆತಂಗೆ ಕಾಣುತ್ತೆ. ಕೊಳೆತಿದ್ದನ್ನ ನಿನ್ನ ಮಂಡೀಲಿ ಯಾರು ತಗೋತಾರೆ?" ಎಂದು, ಇನ್ನೊಂದು ಟೊಮೆಟೊದ ಒಂದು ಮಗ್ಗುಲಿಗೆ ಹಸಿರನ್ನು ಮುಟ್ಟಿಯೂ ಮುಟ್ಟದ ಹಾಗೆ ಸವರಿದರು. ಅದರ ಮೇಲೆ ಕಿತ್ತಳೆ. ಆಮೇಲೆ ಕೆಂಪು, ಪದರ ಪದರವಾಗಿ. ಬೆಳಕು ಬೀಳುವ ಕಡೆ ಕಾಗದವನ್ನು ಬೆಳ್ಳಗೇ ಬಿಟ್ಟರು. ಹಣ್ಣು ಹಾಳೆಯಿಂದ ಎದ್ದು ಬಂತು.

ಕಾಯಿ, ದೋರೆಗಾಯಿ, ಹಣ್ಣು. ಜೀವಮಾನವೆಲ್ಲ ಕ್ರೇಟಿನಲ್ಲಿ ನೋಡಿದ ವರಸೆಯೇ ಅದು. ನಾನೋ, ಮಾರುವವಳ ಬುದ್ಧಿ, ನೇರ ಹಣ್ಣಿಗೇ ಹೋಗಿದ್ದೆ.

ನೀವೂ ಶುರು ಮಾಡುವುದಾದರೆ ಕೇಳಿ: ಪೆನ್ಸಿಲನ್ನು ಮೊನೆಯಿಂದ ದೂರ ಹಿಡಿಯಿರಿ, ಆಗ ಅದುಮಬೇಕೆಂದರೂ ಆಗದು. ಬೆಳಕು ಯಾವ ಕಡೆಯಿಂದ ಬರುತ್ತದೆಂದು ಮೊದಲೇ ಗೊತ್ತು ಮಾಡಿಕೊಳ್ಳಿ. ದುಬಾರಿ ಪೆನ್ಸಿಲಿಗೆ ಮರುಳಾಗಬೇಡಿ.

ಕೈ ಬರಲು ಬಹಳ ಕಾಲ ಹಿಡಿಯಿತು. ಬೇಸತ್ತು ಪೆನ್ಸಿಲ್ ಎಸೆದ ಮಧ್ಯಾಹ್ನಗಳಿದ್ದವು. "ನನಗೂ ಸಾಕಾಗಿದೆ ಕಣೇ. ಸಾಕಾಯ್ತು ಅಂತ ಹೇಳ್ಕೊಂಡೇ ಮಾಡು," ಎನ್ನುತ್ತಾ ಆಪಾ ಗಂಡನ ಮಗ್ಗುಲು ಬದಲಿಸಲು ಏಳುತ್ತಿದ್ದರು. ಬೆನ್ನು ಹುಣ್ಣಾಗಬಾರದೆಂದು, ಅವರ ಕೆಳಗಿನ ಬೆಡ್‌ಶೀಟನ್ನು ಎಳೆದು ಒಬ್ಬರೇ ಹೊರಳಿಸುತ್ತಿದ್ದರು. ಒಂದು ದಿನ ನಾನೂ ಎದ್ದು ಆಚೆ ತುದಿ ಹಿಡಿದೆ. ಬೆರಳು ಮಡಚಿಕೊಂಡವು, ಹಿಡಿತ ಬಿಡಲಿಲ್ಲ. ಆಪಾ ನನ್ನ ಕೈಯನ್ನೇ ನೋಡಿ, "ನಾಳೆಯಿಂದ ಮಂಡಿಗೆ ಹೋಗು" ಎಂದರಷ್ಟೆ.

ಆಪಾ ಗಂಡನಿಗಿಂತ ಮೊದಲೇ ಹೋದರು. ನಾಲ್ಕು ದಿನದ ಜ್ವರ. ಈಗ ಆ ಮನೆಯಲ್ಲಿ ಆಪಾ ಅವರ ತಂಗಿ ಇದ್ದಾರೆ. ಮಂಡಿ ಮುಗಿಸಿ, ಕಾಲೆಳೆದುಕೊಂಡು, ಮೊದಲು ಅಲ್ಲಿಗೇ ಹೋಗುತ್ತೇನೆ. ಮಂಚದ ಈ ಕಡೆ ತಂಗಿ, ಆ ಕಡೆ ನಾನು, ಬೆಡ್‌ಶೀಟ್ ಹಿಡಿದು ಹೊರಳಿಸುತ್ತೇವೆ. ಆಪಾ ಅವರ ಗಂಡ, ನನಗೆ ಭಾಯ್, ಕಣ್ಣು ಮುಚ್ಚಿಕೊಂಡೇ, "ನಿಧಾನ, ನಿಧಾನ" ಎನ್ನುತ್ತಾರೆ. ನನ್ನ ಬಲಗೈ ನಡುಗುತ್ತದೆ. ಬೆಡ್‌ಶೀಟ್ ಜಾರುವುದಿಲ್ಲ.